ಆ ಸೌದಿ ಹುಡುಗನಿಗೆ ಕೆಲಸ ಕಲಿಸು

ಚಿ. ಪ್ರದೀಪನಿಗೆ ಮಾವನ ಆಶೀರ್ವಾದಗಳು.

ನಿನ್ನ ಅಮ್ಮ ಫೋನಿನಲ್ಲಿ ಎಲ್ಲ ಹೇಳಿದಳು. ಆಫೀಸಿಗೆ ಹೊಸದಾಗಿ ಬಂದ ಸೌದಿ ಹುಡುಗನಿಗೆ ಅಕೌಂಟ್ಸ್ ಕಲಿಸು ಅಂದಿದ್ದಾರಂತೆ. 'ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕ್ಕೊಳ್ಳೋದಾ' ಅಂತ ನೀನು ಸಿಟ್ಟಾಗಿದ್ದೀಯಂತೆ. ಸಿಟ್ಟು ಬರೋದು ಸಹಜವೇ. ಆದರೆ ಆ ಹುಡುಗ ಅಲ್ಲಿಗೆ ಯಾಕೆ ಬಂದ ಅನ್ನೋದನ್ನೂ ತಿಳ್ಕೋ.

ನಾನು ಸೌದಿಯ ದಮ್ಮಾಮ್‌ನಲ್ಲಿದ್ದ ಕಾಲಕ್ಕೆ ಓದಿದ ಸೌದಿಗಳೆಲ್ಲ ಸರ್ಕಾರಿ ಕೆಲಸವನ್ನೇ ಕಾಯುತ್ತಿದ್ದರು. ಅಂಗಡಿ, ಗ್ಯಾರೇಜು, ಲೆಕ್ಕಪತ್ರ ನಮ್ಮಂಥವರ ಪಾಲಿಗೆ. ಎಣ್ಣೆ ದುಡ್ಡಿನ ಮೇಲೆ ಅದು ನಡೆಯಿತು. ಓದಿದವರು ಜಾಸ್ತಿಯಾದಂತೆ ಸರ್ಕಾರದ ಕುರ್ಚಿಗಳು ಸಾಲದೆ ಹೋದವು. 2010ರ ಡಿಸೆಂಬರಿನಲ್ಲಿ ಟುನೀಶಿಯಾದ ಸಿದಿ ಬೂಝಿದ್‌ನಲ್ಲಿ ಮೊಹಮ್ಮದ್ ಬೂಅಝಿಝಿ ಅನ್ನೋ ಹಣ್ಣಿನ ವ್ಯಾಪಾರಿ ತನ್ನ ಸಾಮಾನನ್ನು ಕಿತ್ತುಕೊಂಡರು ಅಂತ ಮೈಗೆ ಬೆಂಕಿ ಹಚ್ಚಿಕೊಂಡ. ಜನ ದಂಗೆಯೆದ್ದು, ತಿಂಗಳೊಳಗೆ ಅಲ್ಲಿನ ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಓಡಿದ. ಕೆಲಸವಿಲ್ಲದ ಯುವಕರನ್ನು ಕಂಡರೆ ಅರಬ್ ದೊರೆಗಳಿಗೆಲ್ಲ ನಿದ್ದೆ ಕೆಟ್ಟದ್ದು ಆಗ. ಸೌದಿಯಲ್ಲಿ ನಿತಾಕತ್, ಅಂದರೆ ಖಾಸಗಿ ಕಂಪನಿಗಳು ಇಂತಿಷ್ಟು ಸೌದಿಗಳನ್ನು ಕೆಲಸಕ್ಕೆ ಇಟ್ಟುಕೊಳ್ಳಲೇಬೇಕು ಅನ್ನೋ ಕೋಟಾ, ಬಂದದ್ದೂ 2011ರಲ್ಲೇ.

ಮೊದಮೊದಲು ಅದು ಬರೀ ತಲೆ ಎಣಿಸುವ ಲೆಕ್ಕ. ಸೌದಿಗಳು ಸಾಕಷ್ಟಿದ್ದು ಕಂಪನಿ ಹಸಿರು ದರ್ಜೆಯಲ್ಲಿದ್ದರೆ ವೀಸಾ ಸಲೀಸು, ಕಡಿಮೆಯಾಗಿ ಕೆಂಪಿಗೆ ಬಿದ್ದರೆ ನಮ್ಮಂಥವರ ಇಕಾಮಾ, ಅಂದರೆ ವಾಸದ ಪರವಾನಗಿ, ರಿನ್ಯೂ ಮಾಡಿಸಲೂ ಕಷ್ಟ. ಹಾಗಾಗಿ ಎಷ್ಟೋ ಕಡೆ ಸೌದಿಯೊಬ್ಬನ ಹೆಸರನ್ನು ಪಟ್ಟಿಗೆ ಸೇರಿಸಿ, ಸಣ್ಣ ಸಂಬಳ ಕೊಟ್ಟು, ಸುಮ್ನೆ ಮನೇಲಿರು ಅಂದರು. ಇದರಿಂದ ಯಾರು ಏನು ಕಲಿತರು, ಹೇಳು? 2021ರಿಂದ ತಿಂಗಳಿಗೆ 4,000 ರಿಯಾಲ್ ಕೊಟ್ಟರೆ ಮಾತ್ರ ಒಬ್ಬ ಪೂರ್ತಿ ಸೌದಿ ಅಂತ ಲೆಕ್ಕ. ಅಷ್ಟು ಕೊಡುವ ಮಾಲೀಕ ಕೆಲಸವನ್ನೂ ಕೇಳುತ್ತಾನೆ, ಅಲ್ವಾ? ಅದಕ್ಕೇ ಆ ಹುಡುಗ ನಿನ್ನ ಪಕ್ಕ ಕೂತಿದ್ದಾನೆ.

ನನ್ನನ್ನು ಕೇಳಿದರೆ ಕೋಟಾಕ್ಕಿಂತ ದೊಡ್ಡ ಬದಲಾವಣೆ ಹೆಂಗಸರದು. 2018ರಲ್ಲಿ ಕಾರು ಓಡಿಸಲು ಬಿಟ್ಟರು. ದುಡಿಯುವ, ಇಲ್ಲವೇ ಕೆಲಸ ಹುಡುಕುವ ಸೌದಿ ಹೆಂಗಸರು 2016ರ ಸುಮಾರಿಗೆ ನೂರಕ್ಕೆ 20 ಕೂಡ ಇರಲಿಲ್ಲ, ಈಗ 30 ದಾಟಿದ್ದಾರೆ. ಇಂಥ ಬದಲಾವಣೆ ನಮ್ಮನ್ನು ಓಡಿಸಿ ಬಂದದ್ದಲ್ಲ.

ಆದರೂ ನಿನ್ನ ಭಯ ಸುಳ್ಳಲ್ಲ. 2016ರಲ್ಲಿ ಮೊಬೈಲ್ ಅಂಗಡಿ ಕೆಲಸ ಪೂರ್ತಿ ಸೌದಿಗಳಿಗೇ ಅಂತ ಆದೇಶವಾದಾಗ ಆರು ತಿಂಗಳಲ್ಲಿ ಕೇರಳದ, ನಮ್ಮ ಕರಾವಳಿಯ ಹುಡುಗರು ಶಟರ್ ಎಳೆದು ಊರಿಗೆ ಬಂದರು. ಅಕೌಂಟೆಂಟುಗಳ ಸರದಿ ಸ್ವಲ್ಪ ನಿಧಾನ. ಐದು ಅಥವಾ ಹೆಚ್ಚು ಅಕೌಂಟೆಂಟುಗಳಿರುವ ಕಂಪನಿಗಳಲ್ಲಿ 2025ರ ಅಕ್ಟೋಬರಿನಿಂದ ನೂರಕ್ಕೆ 40 ಸೌದಿಗಳಿರಬೇಕು, ಐದು ವರ್ಷದಲ್ಲಿ ಅದು 70 ಆಗಬೇಕು. ಅಂದರೆ ನಿನಗೆ ಸಮಯ ಇದೆ, ಆದರೆ ಬಹಳ ಇಲ್ಲ.

ಅವನಿಗೆ ಏನನ್ನೂ ಮುಚ್ಚಿಡಬೇಡ. ಮುಚ್ಚಿಟ್ಟರೆ ಯೂಟ್ಯೂಬ್ ನೋಡಿ ಕಲೀತಾನೆ, ಕೆಡೋದು ನಿನ್ನ ಹೆಸರು. ಬ್ಯಾಂಕ್ ಎಂಟ್ರಿಯನ್ನು ಅವನ ಕೈಗೆ ಬಿಟ್ಟು, ನೀನು ವ್ಯಾಟ್ ಮತ್ತು ಆಡಿಟ್ ಕಡೆ ಹೋಗು. ಅವನ ಹತ್ತಿರ ಅರಬ್ಬಿ ಓದಲು ಕಲಿ. ಕೆಲಸ ಬದಲಿಸಲು ಕಫೀಲನ, ಅಂದರೆ ವೀಸಾ ಕೊಡಿಸಿದ ಮಾಲೀಕನ, ಒಪ್ಪಿಗೆಯೇ ಬೇಕು ಅನ್ನೋ ಕಟ್ಟು 2021ರ ಮಾರ್ಚಿನಿಂದ ಸಡಿಲವಾಗಿದೆ. ನಮ್ಮ ಕಾಲಕ್ಕೆ ಅದು ಕನಸಿನ ಮಾತು.

ಹೆಂಡತಿ, ಮಗುವನ್ನು ಕರೆಸಿಕೊಳ್ಳುವ ಮುಂಚೆ ಲೆಕ್ಕ ಹಾಕು. ಸರ್ಕಾರಕ್ಕೆ ಕಟ್ಟುವ ಶುಲ್ಕವೇ ತಲೆಗೆ ತಿಂಗಳಿಗೆ 400 ರಿಯಾಲ್, ಅಂದರೆ ಇಬ್ಬರಿಗೆ ವರ್ಷಕ್ಕೆ 9,600. ಉಡುಪಿಯ ಫ್ಲಾಟ್‌ಗೆ ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ ತಾನೆ? ಸದ್ಯಕ್ಕೆ ಕೊಡಬೇಡ. ಶುಕ್ರವಾರ ರಜೆಯಲ್ಲಿ ಫೋನ್ ಮಾಡು, ಮಾತಾಡೋಣ.

ನಿನ್ನ ಮಾವ