ಅಮ್ಮನ ಲೆಕ್ಕದ ಪುಸ್ತಕ, ನಮ್ಮ ಹಳೇ ಪಿಕಪ್

ಮೊನ್ನೆ ಗುರುವಾರ ನಮ್ಮ ಪಿಕಪ್‌ಗೆ ಎಫ್‌ಸಿ, ಅಂದರೆ ಗಾಡಿ ರಸ್ತೆಗಿಳಿಯಲು ಯೋಗ್ಯ ಅನ್ನೋ ಸರ್ಟಿಫಿಕೇಟ್, ಆಯಿತು. ಚಿಕ್ಕಮಗಳೂರಿನಿಂದ ವಾಪಸ್ ಬರುವಾಗ ಬಾಳೆಹೊನ್ನೂರಿನ ಭದ್ರಾ ಸೇತುವೆ ದಾಟುವ ಹೊತ್ತಿಗೆ ಕತ್ತಲಾಗಿತ್ತು. ಪಕ್ಕದ ಸೀಟಿನಲ್ಲಿ ಅಮ್ಮ ಕೂತಿದ್ದಳು. ಮಡಿಲಲ್ಲಿ ಗಾಡಿಯ ಕಾಗದಗಳ ಕವರ್. ಕೊಪ್ಪ ಬರುವವರೆಗೂ ಇಬ್ಬರೂ ಜಾಸ್ತಿ ಮಾತಾಡಲಿಲ್ಲ. ಮನೆಗೆ ಬಂದು ಮೊಬೈಲ್ ನೋಡಿದರೆ ರಾಶಿ ಮೆಸೇಜು. ಎಲ್ಲರದ್ದೂ ಒಂದೇ ಮಾತು, ಭಲೇ, ನಿಂತುಹೋದ ಗಾಡೀನ ಒಬ್ಬನೇ ರಿಪೇರಿ ಮಾಡಿಬಿಟ್ಟೆಯಲ್ಲ ಅಂತ.

ಒಬ್ಬನೇ ಮಾಡಿದ್ದಲ್ಲ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಾಡಿ 1992ರ ಮಹೀಂದ್ರಾ. ಮುಂದೆ ಜೀಪಿನ ಮುಖ, ಹಿಂದೆ ತೆರೆದ ತೊಟ್ಟಿ. ಅಪ್ಪಯ್ಯ ಅದನ್ನು 1996ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡರು. ಹತ್ತೊಂಬತ್ತು ವರ್ಷ ಓಡಿಸಿದರು. ನಮ್ಮ ಅಡಿಕೆ ಮ್ಯಾಮ್ಕೋಸ್‌ಗೆ, ಅಂದರೆ ಅಡಿಕೆ ಮಾರಾಟದ ಸಹಕಾರ ಸಂಘಕ್ಕೆ, ಹೋಗಿದ್ದು ಅದರಲ್ಲೇ. ಊರಿನ ಮದುವೆಗಳಿಗೆ ಪಾತ್ರೆ ಬಂದಿದ್ದು, ತೋಟಕ್ಕೆ ಗೊಬ್ಬರ ಬಂದಿದ್ದು, ರಾತ್ರಿ ಹೊತ್ತು ಹೆರಿಗೆ ನೋವು ಬಂದವರನ್ನು ಪೇಟೆಗೆ ಕರಕೊಂಡು ಹೋಗಿದ್ದು ಎಲ್ಲ ಅದರಲ್ಲೇ. 2015ರ ಮಳೆಗಾಲದಲ್ಲಿ ಅಪ್ಪಯ್ಯ ಆಸ್ಪತ್ರೆಗೆ ಹೋದವರು ವಾಪಸ್ ಬರಲಿಲ್ಲ. ಗಾಡಿಯನ್ನು ಕೊಟ್ಟಿಗೆಯ ಪಕ್ಕದ ಶೆಡ್ಡಿಗೆ ತಳ್ಳಿ ಟಾರ್ಪಲ್ ಹೊದಿಸಿದೆವು. ಗುಜರಿಯವರು ಎರಡು ಸಲ ಬಂದು ರೇಟು ಕೇಳಿದರು. ಅಮ್ಮ ಎರಡು ಸಲವೂ "ಇರಲಿ ಬಿಡಿ" ಅಂದಳು.

2023ರ ಕೊನೆಗೆ ಬೆಂಗಳೂರಿನಲ್ಲಿ ನನ್ನ ಕೆಲಸ ಹೋಯಿತು. ಊರಿಗೆ ಬಂದೆ. ಆ ದಿನಗಳ ಬಗ್ಗೆ ಹೆಚ್ಚು ಬರೆಯಲ್ಲ. ಬೆಳಿಗ್ಗೆ ಎದ್ದು ಏನು ಮಾಡಬೇಕು ಅಂತ ಗೊತ್ತಾಗದೆ ಸುಮ್ನೆ ಜಗಲಿಯಲ್ಲಿ ಕೂರುತ್ತಿದ್ದೆ. ಫೋನ್ ಬಂದರೆ ಎತ್ತುತ್ತಿರಲಿಲ್ಲ. ಅಮ್ಮ ಒಂದು ದಿನವೂ ಮುಂದೇನು ಅಂತ ಕೇಳಲಿಲ್ಲ. ಸಂಕ್ರಾಂತಿ ಕಳೆದು ಎರಡು ದಿನಕ್ಕೆ, ಕಾಫಿ ಲೋಟದ ಪಕ್ಕದಲ್ಲಿ ಗಾಡಿ ಕೀ ಇಟ್ಟಳು.

"ಟಾರ್ಪಲ್ ತೆಗೆದು ಒಂದ್ಸಲ ನೋಡು ಮಾರಾಯ. ಏನಾಗಿದೆ ಅಂತಾದರೂ ಗೊತ್ತಾಗ್ತದೆ."

ನೋಡಿದೆ. ಏರ್ ಫಿಲ್ಟರಿನೊಳಗೆ ಇಲಿ ಗೂಡು. ವೈರಿಂಗ್ ಪೂರ್ತಿ ಕಡಿದು ಹಾಕಿದ್ದವು. ಡ್ರೈವರ್ ಕಾಲಿಡುವ ಕಡೆ ತಗಡು ತುಕ್ಕು ತಿಂದು ಕೆಳಗಿನ ನೆಲ ಕಾಣುತ್ತಿತ್ತು. ನಮ್ಮ ಕಡೆ ಮಳೆ ಗೊತ್ತಲ್ವಾ, ಆಗುಂಬೆ ಪಕ್ಕದಲ್ಲೇ ಇದೆ, ಎಂಟೂವರೆ ವರ್ಷ ಥಂಡಿ ಕುಡಿದ ಕಬ್ಬಿಣ ಅದು. ಎಲ್ಲಕ್ಕಿಂತ ಕೆಟ್ಟದ್ದು, ಎಂಜಿನ್ ಜಾಮ್ ಆಗಿತ್ತು. ತಿರುಗುತ್ತಲೇ ಇರಲಿಲ್ಲ.

ಎಂಜಿನ್ ಪ್ಯೂಜೋದ ಎಕ್ಸ್‌ಡಿಪಿ 4.90. ಹೆಸರಲ್ಲೇ ಲೆಕ್ಕ ಇದೆ, ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ. ಎಂಎಂ 540 ಜೀಪಿಗೆ ಹಾಕುತ್ತಿದ್ದದ್ದೂ ಇದನ್ನೇ. ಮಲೆನಾಡಿನ ತೋಟಗಳಲ್ಲಿ ಆ ಜೀಪುಗಳು ಇವತ್ತಿಗೂ ಓಡುತ್ತವೆ, ಹಾಗಾಗಿ ಸ್ಪೇರ್ ಸಿಗುತ್ತದೆ ಅನ್ನೋ ಧೈರ್ಯ ಇತ್ತು. ನಮ್ಮೂರಿನ ಹಳೇ ಮೆಕ್ಯಾನಿಕ್ ಒಬ್ಬರಿದ್ದಾರೆ, ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಅವರು ಬಂದು ಬಾನೆಟ್ ಮೇಲೆ ಕೈಯಿಟ್ಟು, "ಅವಸರ ಮಾಡಬೇಡ. ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚು, ನಾಲ್ಕೂ ತೂತಿಗೆ ಡೀಸೆಲ್ಲು, ಆಯಿಲ್ ಸೇರಿಸಿ ಬಿಡು. ದಿನಾ ಒಂದ್ಸಲ ಪುಲ್ಲಿ ನಟ್ಟಿಗೆ ಸ್ಪ್ಯಾನರ್ ಹಾಕಿ ಮೆಲ್ಲಗೆ ಅಲ್ಲಾಡಿಸು. ಜೋರು ಮಾಡಿದ್ರೆ ಕೆಡ್ತದೆ" ಅಂದರು. ದಿನಾ ಸಂಜೆ ಹಾಗೇ ಮಾಡಿದೆ. ಹನ್ನೊಂದನೇ ದಿನ ಪುಲ್ಲಿ ಒಂದು ಬೆರಳಿನಷ್ಟು ಜರುಗಿತು. ಆ ಹಿರಿಯರಿಗೆ ನನ್ನ ಮೊದಲ ನಮಸ್ಕಾರ. ಅವರು ಹಾಗೆ ಹೇಳದಿದ್ದರೆ ಎಂಜಿನ್ ಪೂರ್ತಿ ಇಳಿಸಿ ಬೋರ್ ಮಾಡಿಸಲು ಹೊರಟಿದ್ದೆ.

ಇನ್ನು ಅಮ್ಮನ ಪುಸ್ತಕದ ವಿಷಯ.

ಅಡಿಕೆ ಕೊನೆ ಕೊಯ್ಲಿನ ಕೂಲಿ, ಹಾಲಿನ ಲೆಕ್ಕ, ಅಂಗಡಿ ಬಾಕಿ ಎಲ್ಲವನ್ನೂ ಅಮ್ಮ ಉದ್ದನೆಯ ಲೆಕ್ಕದ ಪುಸ್ತಕಗಳಲ್ಲಿ ಬರೆದಿಡುತ್ತಾಳೆ. ಅಟ್ಟದ ಮೇಲೆ ಅಂಥವು ಇಪ್ಪತ್ತಕ್ಕೂ ಹೆಚ್ಚಿವೆ. ನಾನು ಕ್ಲಚ್ ನೋಡಲು ಗೇರ್‌ಬಾಕ್ಸ್ ಇಳಿಸಬೇಕು ಅಂತ ಜ್ಯಾಕ್ ಹೊಂದಿಸುತ್ತಿದ್ದಾಗ ಅವಳು ಒಂದು ಪುಸ್ತಕ ಹಿಡಿದು ಬಂದಳು. "ಇದನ್ನು ನೋಡು, 2015 ಏಪ್ರಿಲ್. ಕ್ಲಚ್ ಪ್ಲೇಟು ಹೊಸದು ಹಾಕಿಸಿದ್ದಾರೆ. ನಾಲ್ಕು ತಿಂಗಳೂ ಓಡಿಲ್ಲ ಅದು." ಅಡಿಕೆ ಸುಲಿದವರ ಹೆಸರುಗಳ ನಡುವೆ ಗಾಡಿಯ ಪೂರ್ತಿ ಜಾತಕ ಇತ್ತು. 2009ರಲ್ಲಿ ಹೆಡ್ ಗ್ಯಾಸ್ಕೆಟ್. 2011ರಲ್ಲಿ ರೇಡಿಯೇಟರ್ ಬೆಸುಗೆ. ಹಿಂದಿನ ಎಡ ಚಕ್ರದ ಬ್ರೇಕ್ ಮಾತ್ರ ಮೂರು ಸಲ ರಿಪೇರಿ. ಯಾವುದನ್ನು ಬಿಚ್ಚಬೇಕು, ಯಾವುದನ್ನು ಮುಟ್ಟಬಾರದು ಅನ್ನೋದು ಆ ಸಾಲುಗಳಿಂದಲೇ ಗೊತ್ತಾಯಿತು. ದುಡ್ಡಿಗಿಂತ ಹೆಚ್ಚಾಗಿ ಧೈರ್ಯ ಉಳಿಯಿತು.

ಆ ಪುಸ್ತಕದಲ್ಲಿ ಗಾಡಿಯ ಬಗ್ಗೆ ಇದ್ದ ಕೊನೆಯ ಸಾಲು ಆಗಸ್ಟಿನದ್ದು. "ಆಸ್ಪತ್ರೆಗೆ. ಡೀಸೆಲ್ 500." ಅದರ ಕೆಳಗೆ ಪುಟ ಖಾಲಿ.

ಬಿಚ್ಚಿದ ಬೋಲ್ಟು, ನಟ್ಟು, ವಾಷರ್‌ಗಳಿಗೆ ಅಮ್ಮ ಹಾರ್ಲಿಕ್ಸ್ ಬಾಟಲಿಗಳನ್ನು ತಂದಿಟ್ಟಳು. ಒಂದೊಂದಕ್ಕೂ ಚೀಟಿ, "ಬಲಗಡೆ ಮಡ್‌ಗಾರ್ಡ್", "ರೇಡಿಯೇಟರ್ ಕೆಳಗಿನವು" ಅಂತ. ತುಕ್ಕು ಹಿಡಿದ ಬೋಲ್ಟುಗಳನ್ನು ಬಿಸಾಕಿ ಹೊಸದು ತರೋಣ ಅಂದೆ. ಅವಳು ಹಿತ್ತಲಿನ ಹೇರಳೆಕಾಯಿ ಹೆಚ್ಚಿ, ರಸ ಹಿಂಡಿ, ಮಣ್ಣಿನ ಮಡಕೆಯಲ್ಲಿ ಎರಡು ದಿನ ನೆನೆಹಾಕಿದಳು. ಮೂರನೇ ದಿನ ತೆಂಗಿನ ನಾರಿನಿಂದ ತಿಕ್ಕಿದಾಗ ಕಪ್ಪು ಕೆಸರಿನ ಹಾಗೆ ತುಕ್ಕು ಇಳಿದು, ಒಳಗಿಂದ ಬೂದು ಬಣ್ಣದ ಒಳ್ಳೇ ಕಬ್ಬಿಣ ಬಂತು. ಆಮೇಲೆ ತೊಳೆದು, ಬಚ್ಚಲ ಒಲೆಯ ದಂಡೆ ಮೇಲೆ ಒಣಗಿಸಿ, ಎಂಜಿನ್ ಆಯಿಲ್ ಸವರಿ ಬಾಟಲಿಗೆ ವಾಪಸ್. ಇನ್ನೂರಕ್ಕೂ ಹೆಚ್ಚು ಬೋಲ್ಟು ಹೀಗೆ ಉಳಿದವು. ಹುಳಿಗೆ ತುಕ್ಕು ಬಿಡುತ್ತದೆ ಅಂತ ನಾನು ಶಾಲೆಯಲ್ಲಿ ಓದಿದ್ದೆ. ಅದನ್ನು ಕೈಯಲ್ಲಿ ಮಾಡಿ ತೋರಿಸಿದವಳು ಅಮ್ಮ.

ಎಗ್ಸಾಸ್ಟಿನ ಒಂದು ಸ್ಟಡ್ಡನ್ನು ನಾನು ಅವಸರದಲ್ಲಿ ಮುರಿದೆ. ಹೆಡ್ಡಿನೊಳಗೇ ತುಂಡಾಗಿ ಕೂತಿತು. ಆ ರಾತ್ರಿ ಊಟ ಸೇರಲಿಲ್ಲ. ಕೊಪ್ಪದ ಲೇತ್ ಅಂಗಡಿಯ ಅಣ್ಣ ಮರುದಿನ ತಮ್ಮ ವೆಲ್ಡಿಂಗ್ ಸಾಮಾನು ಹೊತ್ತುಕೊಂಡು ಮನೆಗೇ ಬಂದರು. ಮುರಿದ ತುದಿಗೆ ಒಂದು ನಟ್ಟು ಇಟ್ಟು ವೆಲ್ಡ್ ಮಾಡಿ, ಬಿಸಿ ಆರುವ ಮುಂಚೆ ಸ್ಪ್ಯಾನರ್ ಹಾಕಿ ಮೆಲ್ಲಗೆ ತಿರುಗಿಸಿದರು. ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಬಂತು. ದುಡ್ಡು ಕೊಡಲು ಹೋದರೆ, "ನಿಮ್ಮಪ್ಪಯ್ಯ ನನ್ನ ಲೇತ್ ಮೆಷಿನ್ನನ್ನು ಇದೇ ಗಾಡೀಲಿ ಶಿವಮೊಗ್ಗದಿಂದ ತಂದುಕೊಟ್ಟವರು" ಅಂದರು. ಆ ವಿಷಯ ನನಗೆ ಗೊತ್ತೇ ಇರಲಿಲ್ಲ.

ಬ್ರೇಕಿನ ಕೆಲಸ ಒಬ್ಬರಿಂದ ಆಗುವುದಲ್ಲ. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ಮಲಗಿ ನಿಪ್ಪಲ್ ಸಡಿಲ ಮಾಡಿ ಏರ್ ತೆಗೆಯಬೇಕು. ಅಮ್ಮನಿಗೆ ಮಂಡಿ ನೋವಿದೆ, ಯಾರನ್ನಾದರೂ ಕರೆಯುತ್ತೇನೆ ಅಂದೆ. "ಯಾರನ್ನ ಕರೀತೀಯ, ನಾನಿಲ್ವಾ" ಅಂತ ಸೆರಗು ಸಿಕ್ಕಿಸಿಕೊಂಡು ಬಂದಳು. ಹತ್ತೊಂಬತ್ತು ವರ್ಷ ಅವಳು ಆ ಗಾಡಿಯ ಎಡಗಡೆ ಸೀಟಿನಲ್ಲಿ ಕೂತವಳು. ಡ್ರೈವರ್ ಸೀಟಿನಲ್ಲಿ ಕೂತಿದ್ದು ಅದೇ ಮೊದಲು. ಹತ್ತುವ ಮುಂಚೆ ಚಪ್ಪಲಿ ಕೆಳಗೆ ಬಿಟ್ಟಳು.

ಮಾಸ್ಟರ್ ಸಿಲಿಂಡರಿಗೆ ದೂರ ಇರುವ ಚಕ್ರದಿಂದ ಶುರು ಮಾಡಿದೆವು. ನಾನು ಕೆಳಗಿನಿಂದ "ಒತ್ತು" ಅನ್ನುತ್ತಿದ್ದೆ. ಮೇಲಿನಿಂದ "ಒತ್ತಿದೆ" ಅಂತ ಬರುತ್ತಿತ್ತು. "ಹಿಡ್ಕೊ." "ಹಿಡ್ಕೊಂಡಿದೀನಿ." ನಿಪ್ಪಲ್ ಬಿಟ್ಟರೆ ಪೈಪಿನಿಂದ ಬಾಟಲಿಗೆ ಗುಳ್ಳೆ ಗುಳ್ಳೆಯಾಗಿ ಆಯಿಲ್ ಬರುತ್ತಿತ್ತು. ಬಿಗಿ ಮಾಡಿ "ಬಿಡು" ಅಂದರೆ "ಬಿಟ್ಟೆ". ಎರಡು ಸಂಜೆ ಪೂರ್ತಿ ಇದೇ ನಾಲ್ಕು ಮಾತು. ಕೊನೆಗೆ ಗುಳ್ಳೆ ನಿಂತವು. "ಈಗ ಪೆಡಲ್ ಗಟ್ಟಿಯಾಯ್ತು ನೋಡು" ಅಂತ ನನಗಿಂತ ಮುಂಚೆ ಹೇಳಿದವಳು ಅವಳೇ.

ಪಂಪು, ನಾಜಲ್ ಎಲ್ಲ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಸರ್ವಿಸ್ ಆಗಿ ಬಂದವು. ಟ್ಯಾಂಕಿಗೆ ಒಂದು ಬುಟ್ಟಿ ಸಣ್ಣ ಜಲ್ಲಿ, ಸ್ವಲ್ಪ ಡೀಸೆಲ್ ಹಾಕಿ ನಾನೂ ಪಕ್ಕದ ಮನೆ ಹುಡುಗನೂ ಅರ್ಧ ದಿನ ಅಲ್ಲಾಡಿಸಿ ಒಳಗಿನ ತುಕ್ಕು ತೆಗೆದೆವು. ಮೊದಲ ಸಲ ಸ್ಟಾರ್ಟ್ ಆಗಿದ್ದು ನವರಾತ್ರಿ ಮುಗಿದ ವಾರ. ಹೀಟರ್ ಕಾಯಿಸಿ ಕೀ ತಿರುಗಿಸಿದೆ, ಎರಡನೇ ಸಲ ಸೆಲ್ಫ್ ಹೊಡೆದಾಗ ಹಿಡಿಯಿತು. ಶೆಡ್ ತುಂಬ ಬಿಳೀ ಹೊಗೆ. ನಾನು ಕುಣಿಯುವುದೊಂದು ಬಾಕಿ.

ಅಮ್ಮ ಅಡುಗೆ ಮನೆ ಹೊಸಿಲ ಮೇಲೆ ನಿಂತು ಕೇಳುತ್ತಿದ್ದಳು. "ಇದರ ಸೌಂಡು ಹೀಗಲ್ಲ. ಕಾಲು ಕುಂಟ್ತಾ ಇದೆ" ಅಂದಳು. ನನಗೆ ಏನೂ ಗೊತ್ತಾಗಲಿಲ್ಲ. ಅವಳು ಬಿಡಲಿಲ್ಲ. ದಿನಾ ರಾತ್ರಿ ಅಪ್ಪಯ್ಯ ವಾಪಸ್ ಬರುವಾಗ ಸಂಕದ ಹತ್ತಿರ ಆ ಸದ್ದು ಕೇಳಿ ಅನ್ನಕ್ಕೆ ಇಡುತ್ತಿದ್ದವಳು ಅವಳು. ಎಂಜಿನ್ ಓಡುತ್ತಿರುವಾಗಲೇ ಒಂದೊಂದೇ ನಾಜಲ್ ಪೈಪಿನ ನಟ್ಟು ಸಡಿಲ ಮಾಡಿ ನೋಡಿದೆ. ಮೊದಲನೆಯದು ಬಿಟ್ಟಾಗ ಎಂಜಿನ್ ತಡವರಿಸಿತು. ಎರಡನೆಯದಕ್ಕೂ ಹಾಗೇ. ಮೂರನೆಯದನ್ನು ಬಿಟ್ಟರೆ ಸದ್ದಿನಲ್ಲಿ ಏನೂ ವ್ಯತ್ಯಾಸವಿಲ್ಲ. ಅಂದರೆ ಮೂರನೇ ಸಿಲಿಂಡರ್ ಹೊಡೆಯುತ್ತಲೇ ಇರಲಿಲ್ಲ. ಆ ನಾಜಲ್ ಬದಲಾಯಿಸಿದ ಮೇಲೆ ಮತ್ತೆ ಸ್ಟಾರ್ಟ್ ಮಾಡಿದೆ. ಅಮ್ಮ ಅದೇ ಹೊಸಿಲ ಮೇಲೆ ಸ್ವಲ್ಪ ಹೊತ್ತು ನಿಂತಳು. "ಹೂಂ, ಇದೇ" ಅಂದಳು. ಒಳಗೆ ಹೋಗಿ ಪುಸ್ತಕ ತಂದು, ಅದೇ ಖಾಲಿ ಪುಟದಲ್ಲಿ, ಹಳೇ ಸಾಲಿನ ಕೆಳಗೆ ಬರೆದಳು. "ಡೀಸೆಲ್ 10 ಲೀಟರ್. ಗಾಡಿ ಸ್ಟಾರ್ಟ್ ಆಯಿತು."

ಸೀಟಿನ ಕವರ್ ಕೂಡ ಅವಳದ್ದೇ. ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ನಿನಲ್ಲಿ ದಪ್ಪ ರೆಕ್ಸಿನ್ ಹೊಲಿದಳು. ಸೂಜಿ ಮುರಿಯಿತು, ಹೊಸದು ಹಾಕಿದಳು, ಮತ್ತೆ ಮುರಿಯಿತು. ಹೊಲಿಗೆ ಮಾತ್ರ ಗೆರೆ ಎಳೆದಷ್ಟು ನೇರ ಇದೆ, ಬಂದವರು ನೋಡಿ.

ನೆಲದ ತಗಡು ಕತ್ತರಿಸಿ ಹೊಸದು ಹಾಕಿ, ಮಡ್‌ಗಾರ್ಡುಗಳನ್ನು ಮತ್ತೆ ಆಕಾರಕ್ಕೆ ತಂದುಕೊಟ್ಟ ಟಿಂಕರಿಂಗ್ ಭಾಯಿಗೆ ಥ್ಯಾಂಕ್ಸ್. ರಂಜಾನ್ ಉಪವಾಸದ ದಿನಗಳಲ್ಲೂ ಸಂಜೆವರೆಗೆ ಸುತ್ತಿಗೆ ಹಿಡಿದಿದ್ದರು. ಉಪ್ಪು ಕಾಗದ ಹಿಡಿದು ವಾರಗಟ್ಟಲೆ ನನ್ನ ಜೊತೆ ಉಜ್ಜಿದ ಪಕ್ಕದ ಮನೆ ಹುಡುಗನಿಗೆ, ಜೆ.ಸಿ. ರೋಡಿನಲ್ಲಿ ಅಂಗಡಿ ಅಂಗಡಿ ಅಲೆದು ವಾಟರ್ ಪಂಪ್ ಹುಡುಕಿ ರಾತ್ರಿ ಬಸ್ಸಿಗೆ ಹಾಕಿಕೊಟ್ಟ ಬೆಂಗಳೂರಿನ ಗೆಳೆಯನಿಗೆ, ಆ ಪಾರ್ಸೆಲನ್ನು ಜೋಪಾನವಾಗಿ ತಂದುಕೊಟ್ಟ ಕಂಡಕ್ಟರಿಗೆ ಥ್ಯಾಂಕ್ಸ್. ಒಂದು ಕಡೆ ಮುಂಗಡ ತಗೊಂಡು ಮೂರು ತಿಂಗಳು ಸತಾಯಿಸಿದವರೂ ಇದ್ದರು. ಅದನ್ನು ಇಲ್ಲಿ ಎತ್ತುವುದು ಬೇಡ. ಆ ಮೂರು ತಿಂಗಳು ದಿನಾ ಫೋನ್ ಮಾಡಿ "ಬಿಡಬೇಡ" ಅಂದ ನನ್ನ ಅಕ್ಕನನ್ನು ಮಾತ್ರ ನೆನೆಯುತ್ತೇನೆ.

ಖರ್ಚು ಎಷ್ಟು ಅಂತ ಕೇಳುವವರಿಗೆ, ಪುಸ್ತಕದ ಪ್ರಕಾರ 1,86,400 ರೂಪಾಯಿ. ಐದು ಟಯರ್, ಬ್ಯಾಟರಿ, ಬಾಕಿ ತೆರಿಗೆ, ಇನ್ಶೂರೆನ್ಸ್ ಎಲ್ಲ ಸೇರಿ. ಅದರಲ್ಲಿ ಎರಡು ಕಂತು ಅಮ್ಮ ಕಾಳುಮೆಣಸು ಮಾರಿದ ದುಡ್ಡು.

ಕಾಗದದ ಕೆಲಸವೂ ಇತ್ತು. ಹಳೇ ಗಾಡಿ ಮನೆಯಲ್ಲಿ ಇರುವವರಿಗೆ ಉಪಯೋಗ ಆಗಬಹುದು ಅಂತ ಹೇಳುತ್ತೇನೆ. ಮಾಲೀಕರು ತೀರಿಕೊಂಡಿದ್ದರೆ ಗಾಡಿಯ ಹೆಸರು ಬದಲಾಯಿಸಲು ಆರ್‌ಟಿಒಗೆ ಮಾರಾಟಕ್ಕೆ ಕೊಡುವ ಫಾರಂ ಅಲ್ಲ, ಫಾರಂ 31 ಕೊಡಬೇಕು. ಕಚೇರಿಯವರು ಯಾರ ಹೆಸರಿಗೆ ಅಂತ ಕೇಳಿದಾಗ ಅಮ್ಮ ನನ್ನ ಕಡೆ ಕೈ ತೋರಿಸಿದಳು. ನಾನು ಒಪ್ಪಲಿಲ್ಲ. ಆರ್‌ಸಿ ಈಗ ಅವಳ ಹೆಸರಲ್ಲಿದೆ. ಎಫ್‌ಸಿಗೆ ಹೋಗುವ ಹಿಂದಿನ ದಿನ ರಿಫ್ಲೆಕ್ಟರ್ ಸ್ಟಿಕ್ಕರ್ ಅಂಟಿಸಿದೆವು. ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕಕ್ಕೆ ಹಳದಿ. ಗುಳ್ಳೆ ಏಳದ ಹಾಗೆ ಅಮ್ಮ ಹಳೇ ಪಂಚೆಯ ತುಂಡಿನಿಂದ ಒತ್ತಿ ಒತ್ತಿ ಸವರಿದಳು. ಅಪ್ಪಯ್ಯನ ಪಂಚೆ ಅದು.

ಅಮ್ಮಾ, ನೀನು ಇದನ್ನೆಲ್ಲ ಓದುವವಳಲ್ಲ, ಅಕ್ಕ ಓದಿ ಹೇಳುತ್ತಾಳೆ. ಆ ದಿನ ಕಾಫಿ ಜೊತೆ ಕೀ ಇಟ್ಟೆಯಲ್ಲ, ಅದಕ್ಕೆ. ಒಂದು ದಿನವೂ ನನ್ನನ್ನು ಪ್ರಶ್ನೆ ಕೇಳದೆ ಇದ್ದದ್ದಕ್ಕೆ. ಮಂಡಿ ನೋವಿಟ್ಟುಕೊಂಡು ಪೆಡಲ್ ಒತ್ತಿದ್ದಕ್ಕೆ. ಮುಖಕ್ಕೆ ಹೇಳಲು ನನಗೆ ಬರಲಿಲ್ಲ, ಇಲ್ಲಿ ಎಲ್ಲರ ಎದುರು ಹೇಳುತ್ತಿದ್ದೇನೆ.

ಈ ಸೋಮವಾರದಿಂದ ಗಾಡಿ ಬಾಡಿಗೆಗೆ ಇಳಿಯುತ್ತದೆ. ಸುತ್ತಮುತ್ತಲಿನವರಿಗೆ ಅಡಿಕೆ ಸಾಗಿಸೋಕೆ, ಗೊಬ್ಬರ ತರೋಕೆ ಬೇಕಿದ್ದರೆ ಮನೆಗೆ ಬನ್ನಿ. ಲೇತ್ ಅಂಗಡಿ ಅಣ್ಣನಿಗೂ ಟಿಂಕರಿಂಗ್ ಭಾಯಿಗೂ ಯಾವತ್ತೂ ಬಾಡಿಗೆ ಇಲ್ಲ, ಅದನ್ನು ಅಮ್ಮ ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟಿದ್ದಾಳೆ. ನಾನು ತೋಟದಲ್ಲಿದ್ದರೆ ಕಾಯಬೇಡಿ. ಕೀ ಅವಳ ಹತ್ತಿರವೇ ಇರುತ್ತದೆ.