ಗೆಳೆಯನಿಗೊಂದು ಪತ್ರ: ಗದ್ದೆ ಇನ್ನೂ ಹಸಿರಿರುವಾಗ ಬಂದ ತೆನೆ

ಮಾರಾಯ,

ನಿನ್ನ ಮೆಸೇಜಿಗೆ ವಾಟ್ಸಾಪಲ್ಲೇ ಉತ್ತರ ಕೊಡೋಣ ಅಂತ ಕೂತೆ, ಟೈಪ್ ಮಾಡ್ತಾ ಮಾಡ್ತಾ ಅದು ಉದ್ದ ಆಗ್ತಾ ಹೋಯ್ತು, ಅದಕ್ಕೆ ಪತ್ರನೇ ಬರೆದುಬಿಡ್ತೀನಿ. ಹೆಸರು ಹಾಕ್ಬೇಡ, ಬೇರೆಯವ್ರೂ ಓದೋದಾದ್ರೆ ಓದ್ಲಿ ಅಂತ ನೀನೇ ಹೇಳಿದ್ಯಲ್ಲ. ಹೆಸರು ಹಾಕಿಲ್ಲ. ಮೊದ್ಲು ನಿನಗೆ ಕಳಿಸಿ, ನೀನು ಹೂಂ ಅಂದ್ಮೇಲೇ ಇದನ್ನ ಹಾಕೋದು. ಊರವರಿಗೆ ಯಾರು ಅಂತ ಗೊತ್ತಾದ್ರೆ ಆಗ್ಲಿ ಬಿಡು, ನಮ್ಮ ಕಡೆ ಯಾವುದು ತಾನೇ ಗುಟ್ಟಾಗಿ ಉಳಿದಿದೆ.

ನೀನು ಕೇಳಿದ್ದು ಇಷ್ಟು. ನವೆಂಬರ್ 2ಕ್ಕೆ, ನಿಮ್ಮ ಸತ್ತೋರ ನೆನಪಿನ ದಿನ, ಸಿಮಿಟ್ರೀಲಿ ತಂಗಿ ಸಮಾಧಿ ಮೇಲೆ ಸೇವಂತಿಗೆ ಇಟ್ಟು ಕ್ಯಾಂಡಲ್ ಹಚ್ಚಿ, ಆಮೇಲೆ ಆರಾಮಾಗಿ ನಿನ್ ಜೊತೆ ಕಾಫಿ ಕುಡಿಯೋಕೆ ಬಂದೆ, ಅದೆಂಗೆ ಆಗುತ್ತೆ ನಿನಗೆ, ನಿಮ್ಮಲ್ಲಿ ಸತ್ತೋರು ಏಳ್ತಾರೆ ಅಂತೀರಲ್ಲ, ನಿಜವಾಗ್ಲೂ ನಂಬ್ತೀಯಾ ಇಲ್ಲಾ ಸುಮ್ನೆ ಸಮಾಧಾನಕ್ಕೆ ಹೇಳ್ಕೊಳೋದಾ ಅಂತ. ಅದರ ಕೆಳಗೆ ಇನ್ನೊಂದು ಸಾಲು ಬರೆದು ಡಿಲೀಟ್ ಮಾಡಿದ್ಯ. ಅಷ್ಟರಲ್ಲಿ ನಾನು ಓದಿಯಾಗಿತ್ತು. ಅದಕ್ಕೆ ಕೊನೇಲಿ ಬರ್ತೀನಿ.

ಒಂದು ಮಾತು ಈಗ್ಲೇ ಹೇಳಿಬಿಡ್ತೀನಿ, ನಿನ್ನನ್ನ ಚರ್ಚಿಗೆ ಎಳ್ಕೊಂಡು ಹೋಗೋ ಪ್ಲಾನ್ ಎಂತದೂ ಇಲ್ಲ. ನೀನು ಕೇಳಿದ್ಯ, ನಾನು ಹೇಳ್ತಿದೀನಿ, ಅಷ್ಟೆ.

ತಂಗಿ ಹೋದಾಗ ನನಗೆ ನಂಬಿಕೆ ಗಿಂಬಿಕೆ ಏನೂ ಕೈಗೆ ಸಿಗ್ತಿರಲಿಲ್ಲ. ಘಾಟಿ ಇಳಿದು ಆಸ್ಪತ್ರೆಗೆ ಓಡಾಡಿದ್ದೇ ಓಡಾಡಿದ್ದು, ಕೀಮೋ, ರಕ್ತ, ಸ್ಕ್ಯಾನು, ಸಾಲ, ಕಡೆಗೆ ಆಂಬುಲೆನ್ಸಲ್ಲಿ ಆಗುಂಬೆ ಹತ್ತಿ ವಾಪಸ್ ಬಂದಿದ್ದು, ನೀನೂ ಜೊತೆಗೇ ಇದ್ಯಲ್ಲ. ಆಗ ಮನೆಗೆ ಬಂದೋರೆಲ್ಲ ಹೇಳ್ತಿದ್ದ ಒಂದು ಮಾತು, ದೇವರಿಗೆ ಇಷ್ಟ ಆದೋರನ್ನ ಬೇಗ ಕರ್ಕೊಳ್ತಾನೆ ಅಂತ, ಅದನ್ನ ಕೇಳಿದಾಗೆಲ್ಲ ಎದ್ದು ಹಿತ್ಲಿಗೆ ಹೋಗ್ತಿದ್ದೆ. ಈಗ್ಲೂ ಆ ಮಾತು ಕಂಡ್ರೆ ಆಗಲ್ಲ ನನಗೆ. ಬೈಬಲ್ ಹಂಗೆ ಹೇಳೋದೇ ಇಲ್ಲ. ಮೊದಲ ಕಾಲದ ಕ್ರೈಸ್ತ ಗುರು ಪೌಲ, ಕೊರಿಂಥ ಅನ್ನೋ ಊರಿನ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಸಾವನ್ನ ಕಡೇ ಶತ್ರು ಅಂತಾನೆ. ಶತ್ರು! ದೇವರು ಕಳಿಸಿದ ಕಾರು ಅಲ್ಲ ಅದು. ಗೆಳೆಯ ಲಾಜರ ಸತ್ತು ನಾಲ್ಕು ದಿನ ಆದ್ಮೇಲೆ ಯೇಸು ಆ ಊರಿಗೆ ಬರ್ತಾನೆ, ಇನ್ನು ಸ್ವಲ್ಪ ಹೊತ್ತಲ್ಲಿ ಅವನನ್ನ ಎಬ್ಬಿಸ್ತೀನಿ ಅಂತ ಅವನಿಗೆ ಗೊತ್ತು, ಆದ್ರೂ ಅಲ್ಲಿ ನಿಂತು ಅಳ್ತಾನೆ. ನೋಡು, ಅಳೋದು ನಂಬಿಕೆ ಇಲ್ಲದೋರ ಕೆಲಸ ಆಗಿದ್ರೆ ಅವನು ಅಳ್ತಿರಲಿಲ್ಲ. ನಿನ್ನ ತಮ್ಮ ಹೋದಾಗ ನಿಮ್ಮನೆಗೆ ಬಂದು ಗಂಡಸು ಅಳಬಾರದು ಅಂತ ಬುದ್ಧಿ ಹೇಳಿದೋರಿಗೆ ಇದನ್ನ ಹೇಳ್ಬೇಕು ಅನ್ಸಿತ್ತು, ತಿಥಿ ಊಟದ ಹೊತ್ತಲ್ಲಿ ಯಾಕೆ ಜಗಳ ಅಂತ ಸುಮ್ನಾದೆ.

ತಂಗಿ ಹೋದಾಗ ನಾನು ಓದ್ತಿದ್ದಿದ್ದು ಒಂದೇ, ಬೈಬಲಿನ 88ನೇ ಕೀರ್ತನೆ. ಬಾಕಿ ಕೀರ್ತನೆಗಳಲ್ಲಿ ಬಹಳಷ್ಟು ಅಳ್ತಾ ಶುರುವಾದ್ರೂ ಕೊನೆಗೆ ಸ್ತೋತ್ರಕ್ಕೆ ಬಂದು ನಿಲ್ಲುತ್ತೆ, ಇದು ಹಂಗಲ್ಲ, ಕೊನೇ ಸಾಲೂ ಕತ್ತಲೇನೇ. ಅಂಥದ್ದನ್ನೂ ಕಿತ್ತು ಹಾಕದೇ ಹಂಗೇ ಉಳಿಸ್ಕೊಂಡಿದಾರಲ್ಲ ಅಂತ ಅನ್ಸಿ ಒಂಥರಾ ಗೌರವ ಬಂತು.

ಈಗ ನೀನು ಕೇಳಿದ್ದಕ್ಕೆ ಬರ್ತೀನಿ. ಶಿಲುಬೆ ಮೇಲೆ ಸತ್ತ ಯೇಸು ಮೂರನೇ ದಿನ ಎದ್ದು ಬಂದ ಈಸ್ಟರ್ ಕತೇಲಿ ನಾನು ಚಿಕ್ಕಂದಿನಿಂದ ಕೇಳಿದ್ರೂ ಗಮನಿಸದೇ ಇದ್ದ ಒಂದು ವಿಷಯ ಇದೆ. ಅವನು ಎದ್ದು ಬರ್ತಾನೆ ಅಂತ ಅಲ್ಲಿ ಒಬ್ಬರೂ ಕಾಯ್ತಾ ಇರಲಿಲ್ಲ ಕಣೋ. ಒಬ್ಬರೂ! ಶಿಷ್ಯರು ಬಾಗಿಲು ಹಾಕ್ಕೊಂಡು ಒಳಗೆ ಕೂತಿದ್ರು. ಇಬ್ಬರು ಅಂತೂ ಜೆರುಸಲೇಮ್ ಸಹವಾಸನೇ ಸಾಕು ಅಂತ ಎಮ್ಮಾವು ಅನ್ನೋ ಊರಿಗೆ ನಡ್ಕೊಂಡು ಹೊರಟಿದ್ರು, ಹೆಚ್ಚುಕಮ್ಮಿ ನಮ್ಮ ಶಿವಮೊಗ್ಗದಿಂದ ಗಾಜನೂರು ಡ್ಯಾಂಗೆ ಹೋದಷ್ಟು ದೂರ, ದಾರಿಯುದ್ದಕ್ಕೂ ಅವರ ಮಾತು ಎಂತದು ಅಂದ್ರೆ ನಾವು ಅವನ ಮೇಲೆ ಏನೇನೋ ಆಸೆ ಇಟ್ಕೊಂಡಿದ್ವಿ ಅಂತ. ಇಟ್ಕೊಂಡಿದ್ವಿ, ಮುಗೀತು ಅಂತ. ಇನ್ನು ಬೆಳಗಿನ ಜಾವ ಸಮಾಧಿ ಹತ್ರ ಹೋದ ಹೆಂಗಸರು? ಅವರೂ ಎದ್ದವನನ್ನ ನೋಡೋಕೆ ಹೋಗಿದ್ದಲ್ಲ. ಹೆಣಕ್ಕೆ ಹಚ್ಚೋಕೆ ಸುಗಂಧದ್ರವ್ಯ ತಗೊಂಡು ಹೋಗಿದ್ರು. ಸಮಾಧಿ ಬಾಯಿಗೆ ದೊಡ್ಡ ಕಲ್ಲು ಬೇರೆ ಇದೆ, ಅದನ್ನ ಯಾರು ಉರುಳಿಸಿ ಕೊಡ್ತಾರೆ ಅಂತ ದಾರೀಲಿ ಮಾತಾಡ್ಕೊಂಡೇ ಹೋಗ್ತಾರೆ, ಉತ್ತರ ಗೊತ್ತಿಲ್ಲ, ಆದ್ರೂ ಹೋಗ್ತಾರೆ.

ನನಗೆ ಅಲ್ಲೇ ನೀನು ಕಾಣೋದು. ಎಲೆಚುಕ್ಕಿ ರೋಗ ಬಂದು ಅರ್ಧ ಅಡಕೆ ತೋಟದ ಸೋಗೆ ಸುಟ್ಟ ಹಾಗೆ ಆಗಿದೆ, ತಮ್ಮ ಆ ಮಳೇಲಿ ಬೈಕಲ್ಲಿ ಹೋದೋನು ವಾಪಸ್ ಬರಲಿಲ್ಲ, ನನಗೆ ಯಾವ ಆಸೆನೂ ಉಳಿದಿಲ್ಲ ಅಂತೀಯ, ಆದ್ರೆ ಮಾರನೇ ವಾರನೇ ಹೋಗಿ ಬಸಿಗಾಲುವೆ ಬಿಡಿಸಿದ್ಯ, ಬೋರ್ಡೋ ಔಷಧಿ ಹೊಡೆಸಿದ್ಯ, ಅವನು ಸಾಕಿದ್ದ ಆ ಹಾಯೋ ಎಮ್ಮೆಗೆ ಹುಲ್ಲು ಹಾಕ್ತಿದೀಯ. ಆಸೆ ಇಟ್ಕೊಂಡು ಮಾಡ್ತಿದೀಯಾ? ಇಲ್ಲ. ಪ್ರೀತಿ ಇದೆ, ಮಾಡ್ತಿದೀಯ. ಆ ಹೆಂಗಸರೂ ಅಷ್ಟೇ ತಗೊಂಡು ಹೋಗಿದ್ದು. ಎದ್ದು ಬಂದ ವಿಷಯ ಮೊದ್ಲು ಗೊತ್ತಾಗಿದ್ದೂ ಅವರಿಗೇ.

ಇನ್ನೊಂದು ನಿನಗೆ ಇಷ್ಟ ಆಗುತ್ತೆ. ಅದೆಲ್ಲ ನಡೆದಿದ್ದು ಒಂದು ತೋಟದಲ್ಲಿ. ಯೇಸುವಿನ ಕತೆ ಬರೆದವರಲ್ಲಿ ಒಬ್ಬನಾದ ಯೋಹಾನ ಸ್ಪಷ್ಟವಾಗಿ ಬರೀತಾನೆ, ಶಿಲುಬೆಗೆ ಹಾಕಿದ ಜಾಗದಲ್ಲಿ ತೋಟ ಇತ್ತು, ತೋಟದಲ್ಲಿ ಹೊಸ ಸಮಾಧಿ ಇತ್ತು ಅಂತ. ಆ ಹೆಂಗಸರಲ್ಲಿ ಒಬ್ಬಳು, ಮಗ್ದಲದ ಮರಿಯ, ಅಲ್ಲಿ ಅಳ್ತಾ ನಿಂತಿರ್ತಾಳೆ, ಹಿಂದೆ ಯಾರೋ ಬಂದು ಯಾಕಮ್ಮ ಅಳ್ತೀಯ ಅಂತ ಕೇಳ್ತಾರೆ, ಇವಳು ತಿರುಗಿ ನೋಡಿ ತೋಟದ ಆಳು ಅನ್ಕೋತಾಳೆ! ನೀನೇನಾದ್ರೂ ಹೆಣ ಎತ್ಕೊಂಡು ಹೋಗಿದ್ರೆ ಎಲ್ಲಿಟ್ಟಿದೀಯ ಹೇಳಪ್ಪ, ನಾನು ತಗೊಂಡು ಹೋಗ್ತೀನಿ ಅಂತಾಳೆ. ಒಬ್ಬಳೇ ಹೆಂಗಸು ಒಂದು ಹೆಣ ಹೊತ್ಕೊಂಡು ಹೋಗೋ ಮಾತಾಡ್ತಾಳೆ, ದುಃಖ ಅಂದ್ರೆ ಹಂಗೇ ಅಲ್ವಾ, ಲೆಕ್ಕ ತಪ್ಪಿ ಹೋಗುತ್ತೆ. ಬಂದವನು ಯೇಸುನೇ, ಆದ್ರೆ ಅವನು ಭಾಷಣ ಮಾಡಲ್ಲ, ನಂಬಿಕೆ ಇಲ್ವಾ ನಿನಗೆ ಅಂತ ಬೈಯಲ್ಲ. "ಮರಿಯಾ" ಅಂತ ಹೆಸರು ಹಿಡಿದು ಕರೀತಾನೆ. ಆಗ ಅವಳಿಗೆ ಗುರುತು ಸಿಗುತ್ತೆ.

ಇದೆಲ್ಲ ನಿಜನಾ ಅಂತೀಯ. ನನ್ನ ಹತ್ರ ವಿಡಿಯೋ ಇಲ್ಲ ಮಾರಾಯ. ಆದ್ರೆ ಸುಳ್ಳು ಕಟ್ಟೋರು ಹಿಂಗೆ ಕಟ್ಟಲ್ಲ ಅಂತ ಅನ್ಸುತ್ತೆ, ಆ ಕಾಲದಲ್ಲಿ ಹೆಂಗಸರ ಸಾಕ್ಷಿಗೆ ಗಂಡಸರ ಸಾಕ್ಷಿಯಷ್ಟು ಬೆಲೆ ಇರಲಿಲ್ಲ, ಶಿಷ್ಯರೇ ಅವರ ಮಾತನ್ನ ಹುಚ್ಚು ಹರಟೆ ಅಂದ್ರು ಅಂತ ಲೂಕ ಬರೆದಿದಾನೆ, ಕಟ್ಟುಕತೆ ಆಗಿದ್ರೆ ಊರ ಯಜಮಾನರ ಥರದೋರನ್ನ ತಂದು ನಿಲ್ಲಿಸ್ತಿದ್ರು. ಪೌಲ ಕೊರಿಂಥಕ್ಕೆ ಆ ಪತ್ರ ಬರೆದಿದ್ದು ಕ್ರಿ.ಶ. 55ರ ಆಸುಪಾಸಲ್ಲಿ, ಘಟನೆ ನಡೆದು ಇಪ್ಪತ್ತು ಇಪ್ಪತ್ತೈದು ವರ್ಷ ಆಗಿತ್ತು ಅಷ್ಟೆ. ಅದ್ರಲ್ಲಿ 500ಕ್ಕಿಂತ ಹೆಚ್ಚು ಜನ ಒಟ್ಟಿಗೆ ನೋಡಿದಾರೆ, ಅವರಲ್ಲಿ ಹೆಚ್ಚಿನೋರು ಇನ್ನೂ ಬದುಕಿದಾರೆ ಅಂತಾನೆ. ನಮ್ಮೂರಲ್ಲಿ ಇಪ್ಪತ್ತೈದು ವರ್ಷದ ಹಿಂದಿನ ವಿಷಯಕ್ಕೆ ಸುಳ್ಳು ಹೇಳಿ ನೋಡು, ಕಟ್ಟೆ ಮೇಲೆ ಕೂತಿರೋ ಯಾರಾದ್ರೂ ಒಬ್ಬರು ಹಿಡಿದು ಹಾಕ್ತಾರೆ. ಅದೇ ಪೌಲ ಅದೇ ಪತ್ರದಲ್ಲಿ ಇನ್ನೂ ಒಂದು ಮಾತು ಹೇಳ್ತಾನೆ, ಕ್ರಿಸ್ತ ಏಳದೇ ಇದ್ದಿದ್ರೆ ನಮ್ಮ ನಂಬಿಕೆನೇ ದಂಡ, ನಮ್ಮಷ್ಟು ನಿರ್ಭಾಗ್ಯರು ಯಾರೂ ಇಲ್ಲ ಅಂತ. ಸಮಾಧಾನಕ್ಕೆ ಹೇಳ್ಕೊಳೋ ಮಾತಾಗಿದ್ರೆ ಹಿಂಗೆ ಪಣಕ್ಕೆ ಇಡ್ತಿರಲಿಲ್ಲ ಅವನು.

ಆದ್ರೆ ಸಾಕ್ಷಿ ಪಾಕ್ಷಿ ಎಲ್ಲಾ ತಲೆಗೆ. ನನಗೆ ಹಿಡ್ಕೊಳೋಕೆ ಸಿಕ್ಕಿದ್ದು ಅದೇ ಅಧ್ಯಾಯದ ಇನ್ನೊಂದು ಮಾತು, ಕ್ರಿಸ್ತ ಸತ್ತವರಲ್ಲಿ ಎದ್ದ ಪ್ರಥಮಫಲ, ಅಂದ್ರೆ ಬೆಳೆಯ ಮೊದಲ ಫಲ, ಅಂತ. ನಮ್ಮನೆ ಮೊಂತಿ ಹಬ್ಬ ನೆನಪಿದೆಯಾ ನಿನಗೆ, ಸೆಪ್ಟೆಂಬರ್ 8, ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ? ಬಾಳೆಲೆ ಊಟಕ್ಕೆ ಪ್ರತೀ ವರ್ಷ ಬರ್ತಿದ್ಯಲ್ಲ, ಮೀನು ಮಾಂಸ ಇಲ್ಲ ಅಂತ ಮುಖ ಸಣ್ಣ ಮಾಡ್ಕೊಂಡು. ಅವತ್ತು ಚರ್ಚಲ್ಲಿ ಹೊಸ ಭತ್ತದ ತೆನೆ ಆಶೀರ್ವಾದ ಮಾಡಿ ಮನೆಗೊಂದಿಷ್ಟು ಕೊಡ್ತಾರೆ, ಅಪ್ಪ ಅದನ್ನ ತಂದು ದೇವರ ಪೀಠದ ಮುಂದೆ ಇಟ್ಟು ಪ್ರಾರ್ಥನೆ ಮಾಡಿ, ಕಾಳು ಸುಲಿದು ಪುಡಿ ಮಾಡಿ ತೆಂಗಿನಹಾಲಿಗೆ ಹಾಕಿ ಎಲ್ಲರಿಗೂ ಒಂದೊಂದು ಚಮಚ ಕೊಡ್ತಿದ್ರು, ನಿನಗೂ. ಊರಲ್ಲಿ ಇಲ್ಲದೋರ ಪಾಲು ಎತ್ತಿಡೋದೂ ಉಂಟು. ನಿಮ್ಮನೇಲೂ ಹೊಸ್ತು ಹಬ್ಬ ಇದೆಯಲ್ಲ, ಆದ್ರೆ ನಿಮ್ದು ನಿಮ್ಮ ಗದ್ದೆ ತೆನೆ ಬಂದ್ಮೇಲೆ. ನಮ್ದು ಘಟ್ಟದ ಕೆಳಗಿನಿಂದ ಹತ್ತಿ ಬಂದ ಹಬ್ಬ, ಸೆಪ್ಟೆಂಬರ್ ಶುರುವಲ್ಲಿ ನಮ್ಮ ಮಲೆನಾಡಲ್ಲಿ ಎಲ್ಲಿದೆ ತೆನೆ? ನಾಟಿ ಮುಗಿದು ಸ್ವಲ್ಪ ದಿನ ಆಗಿರುತ್ತೆ ಅಷ್ಟೆ, ಜಿಟಿಜಿಟಿ ಮಳೆ, ಗದ್ದೆ ತುಂಬ ನೀರು, ಎಲ್ಲಿ ನೋಡಿದ್ರೂ ಬರೀ ಹಸಿರು. ಆ ತೆನೆ ಕರಾವಳಿ ಕಡೆಯಿಂದ ಬರ್ಬೇಕಿತ್ತು. ಚಿಕ್ಕವನಿದ್ದಾಗ ನನಗೆ ಇದೊಂಥರಾ ಮೋಸ ಅನ್ಸೋದು, ನಮ್ಮ ಗದ್ದೇದು ಅಲ್ಲದ್ದಕ್ಕೆ ನಾವ್ಯಾಕೆ ಹಬ್ಬ ಮಾಡೋದು ಅಂತ.

ತಂಗಿ ಹೋದ ವರ್ಷ ಆ ಹಬ್ಬದ ದಿನ ಆ ಒಣ ತೆನೆ ಕೈಲಿ ಹಿಡ್ಕೊಂಡು ಚರ್ಚಿಂದ ಗದ್ದೆ ಬದು ಮೇಲೆ ಬರ್ತಾ ಇದ್ದೆ. ಎಡಕ್ಕೂ ಬಲಕ್ಕೂ ಎಳೇ ಪೈರು, ಕೈಲಿ ಮಾತ್ರ ಮಾಗಿದ ಭತ್ತ, ಒಂದೊಂದು ಕಾಳಿಗೂ ಸಣ್ಣ ಮುಳ್ಳು, ಬೆರಳಿಗೆ ಚುಚ್ಚುತ್ತೆ. ಅಷ್ಟೆ ಮಾರಾಯ. ಪೌಲ ಹೇಳಿದ್ದು ಇದನ್ನೇ ಅಂತ ಆಗ ಹೊಳೀತು. ನಮ್ಮ ಗದ್ದೆ ಇನ್ನೂ ನೀರಲ್ಲೇ ನಿಂತಿದೆ, ತಂಗಿ ಮಣ್ಣಲ್ಲೇ ಇದಾಳೆ, ಯಾವುದೂ ಬದಲಾಗಿಲ್ಲ. ಆದ್ರೆ ಎಲ್ಲೋ ಒಂದು ಕಡೆ ಒಂದು ತೆನೆ ಮಾಗಿ ಆಗಿದೆ, ಮನೆಗೂ ಬಂದಿದೆ. ಅದೂ ಇದೇ ಭತ್ತವೇ, ಬೇರೆ ಜಾತಿ ಅಲ್ಲ. ನಾನು ಕಾಫಿ ಕುಡಿಯೋಕೆ ಬರೋದು ಆ ಧೈರ್ಯದ ಮೇಲೆ. ದುಃಖ ಮುಗೀತು ಅಂತ ಅಲ್ಲ.

ನಿನ್ನ ಅಮ್ಮ ಹೇಳ್ತಾರಲ್ಲ, ಸಣ್ಣೋನು ಮೊಮ್ಮಗನಾಗಿ ಹುಟ್ಟಿ ಬರ್ತಾನೆ ಅಂತ, ಅವರ ಆ ಆಸೆ ಮುಟ್ಟೋಕೆ ನಾನು ಹೋಗಲ್ಲ. ನನ್ನ ಆಸೆ ಮಾತ್ರ ಬೇರೆ, ನನಗೆ ಅವಳೇ ಬೇಕು. ನಿಮ್ಮ ಅಂಗಳದಲ್ಲಿ ಅಡಕೆ ಸುಲಿಯೋಕೆ ಬಂದು ಮೆಟ್ಟುಗತ್ತಿಗೆ ಎಡಗೈ ತೋರುಬೆರಳು ಕೊಯ್ಕೊಂಡಿದ್ಲಲ್ಲ, ನೀನು ಅರಿಶಿನ ಒತ್ತಿ ಬಟ್ಟೆ ಸುತ್ತಿದ್ದು, ಕೊನೇವರೆಗೂ ಆ ಬೆರಳ ತುದಿ ಸ್ವಲ್ಪ ಓರೆಯಾಗೇ ಇತ್ತು, ಆ ಬೆರಳಿನ ಸಮೇತ ಬೇಕು. ಅತಿ ಆಸೆ ಅಂತೀಯಾ? ಎದ್ದು ಬಂದ ಯೇಸುವಿನ ಕೈಲಿ ಮೊಳೆ ಗಾಯ ಹಂಗೇ ಇತ್ತು ಕಣೋ. ನಾನು ಮುಟ್ಟಿ ನೋಡದೇ ನಂಬಲ್ಲ ಅಂದಿದ್ದ ತೋಮ ಅನ್ನೋ ಶಿಷ್ಯನಿಗೆ ಅದನ್ನೇ ತೋರಿಸಿದ್ದು. ಸಾವನ್ನ ಗೆದ್ದೋನಿಗೆ ಒಂದು ಗಾಯ ವಾಸಿ ಮಾಡ್ಕೊಳೋಕೆ ಆಗ್ತಿರಲಿಲ್ವಾ, ಬೇಕಂತಲೇ ಇಟ್ಕೊಂಡಿದಾನೆ. ಈಸ್ಟರ್ ಹಿಂದಿನ ರಾತ್ರಿ ಯಾವತ್ತಾದ್ರೂ ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಚರ್ಚಿಗೆ ಬಾ, ಸುಮ್ನೆ ನೋಡೋಕೆ. ಅಷ್ಟು ದೊಡ್ಡ ಚರ್ಚು ಪೂರ್ತಿ ಕತ್ತಲೆ ಮಾಡಿ, ಹೊರಗೆ ಬೆಂಕಿ ಹಾಕಿ, ಅದರಿಂದ ಒಂದು ದೊಡ್ಡ ಮೇಣದಬತ್ತಿ ಹಚ್ಕೊಂಡು ಒಳಗೆ ಬರ್ತಾರೆ. ಆ ಬತ್ತಿ ಮೇಲೆ ಆ ವರ್ಷದ ಇಸವಿ ಬರೆದು, ಐದು ಸಾಂಬ್ರಾಣಿ ಕಾಳು ಚುಚ್ಚಿರ್ತಾರೆ. ಅವು ಐದು ಗಾಯಗಳು. ಬೆಳಕು ಹಂಚೋ ಬತ್ತೀಲೇ ಗಾಯ ಇಟ್ಟಿರೋದು.

ಈಗ ನೀನು ಡಿಲೀಟ್ ಮಾಡಿದ ಸಾಲು. ಅದಕ್ಕೆ ಬೈಬಲ್ ತರಲ್ಲ ನಾನು. ನೇರವಾಗಿ ಕೇಳ್ತೀನಿ, ನೀನೂ ನೇರವಾಗಿ ಹೇಳ್ಬೇಕು, ಸಾಯೋ ಯೋಚನೆ ಬರ್ತಿದೆಯಾ? ಬರ್ತಿದ್ರೆ ನಾಚಿಕೆ ಎಂತದೂ ಬೇಡ. ರಾತ್ರಿ ನಿದ್ದೆ ಬರದೇ ಕೂತಾಗ 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ ಸರ್ಕಾರದ್ದು, ದುಡ್ಡು ಕೊಡೋದೇನಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಡಾಕ್ಟರ್ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ತಂಗಿ ಹೋದ್ಮೇಲೆ ನಾನೂ ಸ್ವಲ್ಪ ದಿನ ನಿದ್ದೆಗೆ ಮಾತ್ರೆ ತಗೊಂಡಿದೀನಿ, ಪ್ರಾರ್ಥನೆನೂ ಮಾಡ್ದೆ, ಎರಡಕ್ಕೂ ಜಗಳ ಇಲ್ಲ. ಮತ್ತೆ ತೋಟದ ಔಷಧಿ ಡಬ್ಬ ಇಟ್ಟಿರೋ ರೂಮಿನ ಕೀ ಇವತ್ತೇ ಅತ್ತಿಗೆ ಕೈಗೆ ಕೊಡು. ಯಾಕೆ ಅಂತ ಅವರಿಗೆ ನೀನು ಹೇಳ್ತೀಯೋ ನಾನು ಹೇಳ್ಲೋ.

ಭಾನುವಾರ ಪೂಜೆ ಮುಗಿಸ್ಕೊಂಡು ಹತ್ತೂವರೆ ಬಸ್ಸಿಗೆ ಬರ್ತೀನಿ. ಘಟ್ಟದ ಮೀನಿನ ಗಾಡಿ ಬಂದಿದ್ರೆ ಬಂಗ್ಡೆ ತರ್ತೀನಿ, ಅತ್ತಿಗೆಗೆ ಮಸಾಲೆ ಅರೆಯೋಕೆ ಹೇಳ್ಬೇಡ, ನಾನೇ ಕೆಂಡದ ಮೇಲೆ ಸುಡ್ತೀನಿ. ಎದ್ದು ಬಂದ್ಮೇಲೆ ಯೇಸು ಒಂದು ಬೆಳಗ್ಗೆ ಕೆರೆ ದಂಡೇಲಿ ಕೆಂಡ ಮಾಡಿ ಮೀನು ಸುಟ್ಟು, ರಾತ್ರಿಯೆಲ್ಲ ಬಲೆ ಹಾಕಿ ಸುಸ್ತಾದ ಶಿಷ್ಯರನ್ನ ಬನ್ನಿ ತಿನ್ನಿ ಅಂತ ಕರೆದಿದ್ದ, ಬೈಬಲ್ ತರಲ್ಲ ಅಂದ್ನಲ್ಲ, ಇರ್ಲಿ ಬಿಡು ಇದೊಂದು. ಕೊಯ್ಲಿಗೆ ಜನ ಸಿಗ್ತಿಲ್ಲ ಅಂದಿದ್ಯಲ್ಲ, ಊಟ ಆದ್ಮೇಲೆ ಎಷ್ಟಾಗುತ್ತೋ ಅಷ್ಟು ಇಬ್ರೂ ಕೂತು ಅಡಕೆ ಸುಲಿಯೋಣ.

ಇವತ್ತು ರಾತ್ರಿ ಒಂಬತ್ತಕ್ಕೆ ಫೋನ್ ಮಾಡ್ತೀನಿ. ಎತ್ತು.

ನಿನ್ನ
ಚರ್ಚ್ ಗುಡ್ಡದ ದೋಸ್ತ