ಕ್ಯಾಮೆರಾ ಸಾಕು, ತಂತಿ ಬೇಕು: ಕಾಲೇಜು ಟಿವಿ ಸ್ಟುಡಿಯೋದ ಕಂಟ್ರೋಲ್ ರೂಮಿಗಾಗಿ ದೇಣಿಗೆ ಮನವಿ

ಮುಂಬಯಿಯ ಕನ್ನಡ ಬಂಧುಗಳಿಗೆ ನಮಸ್ಕಾರ.

ಸ್ಟುಡಿಯೋಕ್ಕೆ ಏನು ಕೊಡಲಿ ಎಂದು ಕೇಳುವ ದಾನಿಗಳ ಬಾಯಲ್ಲಿ ಮೊದಲು ಬರುವ ಹೆಸರು ಕ್ಯಾಮೆರಾ. ಅದು ಕಣ್ಣಿಗೆ ಕಾಣುತ್ತದೆ, ಮೈಮೇಲೆ ಹೆಸರು ಬರೆಸಬಹುದು, ಉದ್ಘಾಟನೆಯ ದಿನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಹಾಗಾಗಿ ನಮ್ಮ ಕಾಲೇಜಿನಲ್ಲಿ ಮೂರು ಒಳ್ಳೆಯ ಕ್ಯಾಮೆರಾಗಳಿವೆ. ಮೂರೂ ಈಗ ಪೆಟ್ಟಿಗೆಯಲ್ಲಿವೆ. ಅವುಗಳ ಚಿತ್ರವನ್ನು ಗಾಜಿನ ಆಚೆಯ ಕಂಟ್ರೋಲ್ ರೂಮಿಗೆ ಮುಟ್ಟಿಸುವ ತಂತಿ ಕೆಟ್ಟಿದೆ.

ಈ ಮನವಿ ಆ ತಂತಿಗಾಗಿ, ಅದರ ಜೊತೆಗೆ ಅರ್ಥಿಂಗ್, ಕನೆಕ್ಟರ್, ಉಪಕರಣ ಕೂರಿಸುವ ರ್ಯಾಕ್, ಎಸಿ, ತಾರಸಿಯ ವಾಟರ್‌ಪ್ರೂಫಿಂಗ್ ಇತ್ಯಾದಿಗಳಿಗಾಗಿ. ಒಟ್ಟು ಅಂದಾಜು 37 ಲಕ್ಷ 40 ಸಾವಿರ ರೂಪಾಯಿ. ಟ್ರಸ್ಟ್ ತನ್ನ ನಿಧಿಯಿಂದ 12 ಲಕ್ಷ ತೆಗೆದಿರಿಸಿದೆ. ಉಳಿದ 25 ಲಕ್ಷ 40 ಸಾವಿರ ನಿಮ್ಮಿಂದ ಆಗಬೇಕು.

ಹಾಳಾಗಿರುವುದೇನು, ಯಾಕೆ ಎಂಬುದನ್ನು ಬಿಡಿಸಿ ಹೇಳಬೇಕು. ಈಗಿನ ವೈರಿಂಗ್ ಅನಲಾಗ್ ಕಾಲದ್ದು. ಆಗ ಚಿತ್ರದ ಸಿಗ್ನಲ್ಲಿಗೆ 5 ಮೆಗಾಹರ್ಟ್ಸ್ ದಾಟಿದರೆ ಸಾಕಿತ್ತು. ಕೇಬಲ್ ಸ್ವಲ್ಪ ಕಳಪೆಯಾದರೆ ಚಿತ್ರ ಸ್ವಲ್ಪ ಮಂಕಾಗುತ್ತಿತ್ತು, ಅಷ್ಟೇ. ಕ್ಯಾಮೆರಾದ ಡಿಜಿಟಲ್ ಚಿತ್ರ ಸಾಗಿಸುವ ಇಂದಿನ 3ಜಿ-ಎಸ್‌ಡಿಐ ಸಿಗ್ನಲ್ ಸೆಕೆಂಡಿಗೆ 2.97 ಗಿಗಾಬಿಟ್ ವೇಗದ್ದು. ಅದೇ ಕೇಬಲ್ ಈಗ ಸುಮಾರು 300 ಪಟ್ಟು ಹೆಚ್ಚಿನ ಫ್ರೀಕ್ವೆನ್ಸಿ ಹೊರಬೇಕು. ಡಿಜಿಟಲ್ ಸಿಗ್ನಲ್ ಮಂಕಾಗಿ ಎಚ್ಚರಿಸುವುದೂ ಇಲ್ಲ. ಒಂದು ಹಂತದವರೆಗೆ ಚಿತ್ರ ಚೊಕ್ಕವಾಗಿರುತ್ತದೆ, ಆಮೇಲೆ ಅಲ್ಲಲ್ಲಿ ಕಿಡಿ ಹಾರಿದಂತೆ ಚುಕ್ಕೆಗಳು, ಇನ್ನೊಂದೆರಡು ಮೀಟರ್ ಉದ್ದವಾದರೆ ಪೂರ್ತಿ ಕಪ್ಪು. ಒಳ್ಳೆಯ ಆರ್‌ಜಿ-6 ಕೇಬಲ್ಲಿನಲ್ಲಿ ಈ ಸಿಗ್ನಲ್ ಸುಮಾರು 80 ಮೀಟರ್ ಹೋಗುತ್ತದೆ. ಸಿಸಿಟಿವಿಗೆಂದು ಮಾರುವ ಅಗ್ಗದ ಕೇಬಲ್ಲಿನ ನಡುತಂತಿ ತಾಮ್ರದ ಲೇಪವಿರುವ ಉಕ್ಕು ಅಥವಾ ಅಲ್ಯೂಮಿನಿಯಂ ಆಗಿರುತ್ತದೆ, ಮೇಲಿನ ಜಾಲರಿ ತೆಳು. ನೋಡಲು ಎರಡೂ ಒಂದೇ. ಚಾಕುವಿನಿಂದ ನಡುತಂತಿಯನ್ನು ಕೆರೆದರೆ ಬೆಳ್ಳಗೆ ಕಾಣುತ್ತದೆ, ಗುಟ್ಟು ರಟ್ಟಾಗುತ್ತದೆ.

ಕೇಬಲ್ಲಿನ ತುದಿಗೆ ಕೂರುವ ಕನೆಕ್ಟರಿನ ಕತೆಯೂ ಹಾಗೇ. ಬಿಎನ್‌ಸಿ ಕನೆಕ್ಟರ್‌ನಲ್ಲಿ 50 ಓಮ್, 75 ಓಮ್ ಎಂದು ಎರಡು ಜಾತಿ. ಒಂದಕ್ಕೊಂದು ಸಲೀಸಾಗಿ ಸಿಕ್ಕಿಕೊಳ್ಳುತ್ತವೆ, ಅಲ್ಲೇ ಎಡವಟ್ಟು. ವಿಡಿಯೋಗೆ ಬೇಕಾದದ್ದು 75 ಓಮ್. ಬಾಯಿಯೊಳಗೆ ಇಣುಕಿದರೆ ವ್ಯತ್ಯಾಸ ಕಾಣುತ್ತದೆ: 50 ಓಮ್‌ನದರಲ್ಲಿ ಪಿನ್ನಿನ ಸುತ್ತ ಬಿಳಿ ಟೆಫ್ಲಾನ್ ತುಂಬಿರುತ್ತದೆ, 75 ಓಮ್‌ನದರಲ್ಲಿ ಪಿನ್ನಿನ ಸುತ್ತ ಹೆಚ್ಚಿನ ಮಟ್ಟಿಗೆ ಖಾಲಿ ಗಾಳಿ. ನಮ್ಮ ಹಳೆಯ ಪ್ಯಾನೆಲ್ಲಿನಲ್ಲಿ ಎರಡೂ ಬೆರೆತಿವೆ. ಅನಲಾಗ್ ಚಿತ್ರಕ್ಕೆ ಇದು ತಿಳಿಯುತ್ತಲೇ ಇರಲಿಲ್ಲ. ಈಗ ಪ್ರತಿಯೊಂದು ತಪ್ಪು ಜೋಡಣೆಯಲ್ಲೂ ಸಿಗ್ನಲ್ಲಿನ ಒಂದು ಪಾಲು ಗೋಡೆಗೆ ಬಡಿದ ಚೆಂಡಿನಂತೆ ಹಿಂದಕ್ಕೆ ಬರುತ್ತದೆ. ಸಾಲದ್ದಕ್ಕೆ ಕಡಲಗಾಳಿ; ಲೇಪ ಸವೆದ ಪಿನ್ನುಗಳಿಗೆ ಹಸಿರು ಕಿಲುಬು ಹತ್ತಿದೆ.

ಹೊಸ ಯೋಜನೆಯಲ್ಲಿ ವಿಡಿಯೋಗೆ 96 ಕೇಬಲ್ ಲೈನ್‌ಗಳಿವೆ, ಸರಾಸರಿ 11 ಮೀಟರ್. ಅಂದರೆ 1,056 ಮೀಟರ್. 305 ಮೀಟರಿನ 4 ರೋಲ್ ತಂದರೆ ಕತ್ತರಿಸಿ ಹೋಗುವುದಕ್ಕೂ ಸಾಕಾಗುತ್ತದೆ. ತುದಿಗೊಂದರಂತೆ, ಲೈನಿಗೆ ಎರಡರ ಲೆಕ್ಕದಲ್ಲಿ 192 ಕನೆಕ್ಟರ್, ಕೈ ತಪ್ಪಿ ಕೆಡುವುದಕ್ಕೆ ಇನ್ನೂ 28, ಒಟ್ಟು 220. ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಜಾಲರಿಯ ಒಂದು ಎಳೆ, ಕೂದಲಿನಷ್ಟು ಸಣ್ಣದು, ಒಳಗೆ ಜಾರಿ ನಡುಪಿನ್ನಿಗೆ ತಾಗಿದರೆ ಶಾರ್ಟ್. ಆರ್‌ಜಿ-59 ಮತ್ತು ಆರ್‌ಜಿ-6ಕ್ಕೆ ಕ್ರಿಂಪ್ ಮಾಡುವ, ಅಂದರೆ ಒತ್ತಿ ಕೂರಿಸುವ ಅಚ್ಚು ಬೇರೆ ಬೇರೆ. ತಪ್ಪು ಅಚ್ಚಿನಲ್ಲಿ ಒತ್ತಿದ ಕನೆಕ್ಟರ್ ಆರು ತಿಂಗಳು ಸುಮ್ಮನಿದ್ದು ಆಮೇಲೆ ಕಳಚಿಕೊಳ್ಳುತ್ತದೆ. ಈ ಕೆಲಸಕ್ಕೆ ನುರಿತ ತಂತ್ರಜ್ಞರೊಬ್ಬರ ಕೈಕೆಳಗೆ ಮಾಧ್ಯಮ ವಿಭಾಗದ ವಿದ್ಯಾರ್ಥಿಗಳೇ ಕೂರುತ್ತಾರೆ. ಮೊದಲು ಚೂರು ಕೇಬಲ್ಲಿನ ಮೇಲೆ ಐದೈದು ಕನೆಕ್ಟರ್ ಕಟ್ಟಿ ಎಳೆದು ತೋರಿಸಬೇಕು, ಆಮೇಲೆಯೇ ಹೊಸ ರೋಲಿಗೆ ಕೈ ಹಾಕುವುದು. ನಾಳೆ ಗೋರೆಗಾಂವ್, ಅಂಧೇರಿಯ ಸ್ಟುಡಿಯೋಗಳಲ್ಲಿ ಕೆಲಸ ಕೇಳಿಕೊಂಡು ಹೋಗುವವರಿಗೆ ಈ ವಿದ್ಯೆ ಸರ್ಟಿಫಿಕೇಟಿಗಿಂತ ಬೇಗ ಅನ್ನ ಕೊಡುತ್ತದೆ.

ಕೇಬಲ್ ಹಾಸುವಾಗ ಪ್ಲಾಸ್ಟಿಕ್ ಟೈ ಬಳಸುವುದಿಲ್ಲ. ಬಿಗಿಯಾಗಿ ಎಳೆದ ಟೈ ಕೇಬಲ್ಲಿನ ನಡುತಂತಿಯ ಸುತ್ತಲಿನ ನೊರೆಯಂಥ ಪ್ಲಾಸ್ಟಿಕ್ಕನ್ನು ಅಮುಕುತ್ತದೆ, ಅಲ್ಲಿಂದ ಸಿಗ್ನಲ್ ಹಿಂದಿರುಗುತ್ತದೆ. ವೆಲ್ಕ್ರೋ ಪಟ್ಟಿ ದುಬಾರಿ, ಆದರೂ ಅದೇ ಬೇಕು. ತಿರುವಿನ ಅಳತೆಗೂ ಲೆಕ್ಕವಿದೆ: ಕೇಬಲ್ಲಿನ ದಪ್ಪ 7 ಮಿಲಿಮೀಟರ್, ತಿರುವಿನ ತ್ರಿಜ್ಯ ಅದರ ಹತ್ತು ಪಟ್ಟು, ಅಂದರೆ 7 ಸೆಂಟಿಮೀಟರ್. ತಿಂಡಿ ತಟ್ಟೆಯ ಅಂಚು ಎಷ್ಟು ಬಾಗಿರುತ್ತದೋ ಅಷ್ಟು, ಅದಕ್ಕಿಂತ ಮುರಿಯಬಾರದು.

ಇನ್ನು ಅರ್ಥಿಂಗ್. ಅದಕ್ಕೂ ಕರೆಂಟಿನ ವೈರಿಂಗಿಗೂ ಸೇರಿ 3 ಲಕ್ಷ 40 ಸಾವಿರ ಇಟ್ಟಿದ್ದೇವೆ. ‘ನೆಲಕ್ಕೆ ಹಾಕುವ ದುಡ್ಡು ಇಷ್ಟೊಂದೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಈಗ ಸ್ಟುಡಿಯೋದ ಸಾಕೆಟ್ಟುಗಳ ಅರ್ಥ್ ಒಂದು ಕಡೆಯಿಂದ ಬಂದಿದೆ, ಕಂಟ್ರೋಲ್ ರೂಮಿನದು ಇನ್ನೊಂದು ಕಡೆಯಿಂದ. ಎರಡರ ನಡುವೆ ಕೆಲವು ವೋಲ್ಟ್ ವ್ಯತ್ಯಾಸ. ಮೈಕಿನ ಕೇಬಲ್ ಎರಡನ್ನೂ ಜೋಡಿಸಿದ ಕೂಡಲೇ ಅದರ ಜಾಲರಿಯಲ್ಲಿ ಕರೆಂಟು ಹರಿದು, ಸ್ಪೀಕರಿನಲ್ಲಿ 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ಶುರು. ಇದಕ್ಕೆ ಬೀದಿ ಮದ್ದು ಒಂದಿದೆ: ಪ್ಲಗ್ಗಿನ ಮೂರನೇ, ದಪ್ಪ ಪಿನ್ ಕಿತ್ತು ಹಾಕುವುದು. ಸದ್ದು ನಿಲ್ಲುತ್ತದೆ, ನಿಜ. ಆದರೆ ಮುಂದೊಂದು ದಿನ ಉಪಕರಣದ ಮೈಗೆ ಫೇಸ್ ತಾಗಿದರೆ ಆ ಕರೆಂಟು ಮುಟ್ಟಿದವರ ಮೂಲಕವೇ ನೆಲಕ್ಕಿಳಿಯುತ್ತದೆ. ಪಿನ್ ಕಿತ್ತ ಪ್ಲಗ್ಗುಗಳನ್ನೆಲ್ಲ ಹುಡುಕಿ ಕತ್ತರಿಸಿ ಹಾಕುವುದು ಈ ಕೆಲಸದ ಮೊದಲ ದಿನದ ಮೊದಲ ಕಾರ್ಯಕ್ರಮ.

ಸರಿಯಾದ ಮದ್ದು ಹೀಗಿದೆ. ಎರಡು ಹೊಸ ಅರ್ಥ್ ಗುಂಡಿ, ಅಲ್ಲಿಂದ 25×3 ಮಿಲಿಮೀಟರ್ ತಾಮ್ರದ ಪಟ್ಟಿ ಕಂಟ್ರೋಲ್ ರೂಮಿನಲ್ಲಿ ಎಲ್ಲ ಅರ್ಥ್ ತಂತಿ ಸೇರುವ ಒಂದೇ ಒಂದು ಬಸ್‌ಬಾರಿಗೆ. ಅಲ್ಲಿಂದ ಪ್ರತಿ ರ್ಯಾಕಿಗೂ ನಕ್ಷತ್ರದ ಕಿರಣಗಳಂತೆ ಪ್ರತ್ಯೇಕ ಎಳೆ. ಗುಂಡಿಗಳನ್ನು ಕಟ್ಟಡದ ಮುಖ್ಯ ಅರ್ಥ್‌ಗೂ ಜೋಡಿಸಲೇಬೇಕು, ಇಲ್ಲವಾದರೆ ಮತ್ತೆ ಹಳೆಯ ರಾಗ. ಸತು ಲೇಪಿಸಿದ ಕಬ್ಬಿಣದ (ಜಿಐ) ಪಟ್ಟಿ ಅಗ್ಗ, ಆದರೆ ಮುಂಬಯಿಯ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಇನ್ನೊಂದು ಮಾತು: ಅರ್ಥ್ ಪರೀಕ್ಷೆಯನ್ನು ಮಳೆಗಾಲದಲ್ಲಿ ಮಾಡಿಸಿ ‘1 ಓಮ್‌ಗಿಂತ ಕಡಿಮೆ’ ಎಂಬ ಕಾಗದ ಹಿಡಿದುಕೊಂಡರೆ ಪ್ರಯೋಜನವಿಲ್ಲ. ಒದ್ದೆ ಮಣ್ಣು ಎಲ್ಲರಿಗೂ ಒಳ್ಳೆಯ ಅಂಕ ಕೊಡುತ್ತದೆ. ನಾವು ಅಳೆಸುವುದು ಮೇ ತಿಂಗಳಲ್ಲಿ, ನೆಲ ಒಣಗಿ ಬಿರಿದಾಗ.

ಹೋಟೆಲ್ ನಡೆಸುವವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಗ್ರೈಂಡರ್ ಶುರುವಾದಾಗ ಗಲ್ಲಾದ ಮೇಲಿನ ಲೈಟು ಮಂಕಾಗುವುದನ್ನು ಅವರು ದಿನವೂ ಕಾಣುತ್ತಾರೆ. ಇಲ್ಲೂ ಎಸಿ, ಲೈಟು, ವಿಡಿಯೋ ಉಪಕರಣ ಎಲ್ಲ ಒಂದೇ ಫೇಸಿನಲ್ಲಿವೆ. ಸ್ಟುಡಿಯೋದ ಒಂದೊಂದು ಕಿಲೋವ್ಯಾಟಿನ 18 ಹ್ಯಾಲೊಜನ್ ದೀಪಗಳ ಜಾಗಕ್ಕೆ 200 ವ್ಯಾಟಿನ ಎಲ್‌ಇಡಿ ಬಂದ ಮೇಲೆ ಲೋಡ್ 18 ಕಿಲೋವ್ಯಾಟಿನಿಂದ 3.6ಕ್ಕೆ ಇಳಿದಿದೆ. ಹೀಗಾಗಿ ಮೂರು ಫೇಸಿಗೆ ಹಂಚುವುದು ಸುಲಭ: ದೀಪಕ್ಕೊಂದು, ಎಸಿಗೊಂದು, ಉಪಕರಣಕ್ಕೊಂದು. ಉಪಕರಣಗಳ ಲೋಡ್ 3.2 ಕಿಲೋವ್ಯಾಟ್. ಅದಕ್ಕೆ 6 ಕೆವಿಎ ಆನ್‌ಲೈನ್ ಯುಪಿಎಸ್, 16 ಬ್ಯಾಟರಿ, ಅರ್ಧ ಗಂಟೆಯ ಬಾಳು. ಬ್ಯಾಟರಿಯನ್ನು ಮೆಟ್ಟಿಲಿನ ಕೆಳಗೆ ಇಡುವಂತಿಲ್ಲ. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಅದರ ಆಯುಸ್ಸು ಅರ್ಧಕ್ಕರ್ಧ ಇಳಿಯುತ್ತದೆ.

ಆ 3.2 ಕಿಲೋವ್ಯಾಟ್ ಕೊನೆಗೆ ಬಿಸಿಯಾಗಿಯೇ ಹೊರಬರುತ್ತದೆ. ಒಂದು ಟನ್ ಎಸಿ ಎಂದರೆ ಸುಮಾರು 3.5 ಕಿಲೋವ್ಯಾಟ್ ಬಿಸಿ ಎತ್ತುವ ಶಕ್ತಿ. ಒಳಗೆ ಕೂರುವ ಆರು ಜನರ ಮೈಬಿಸಿ, ಮೇಲೆ ಕಾದ ತಾರಸಿ ಸೇರಿಸಿದರೆ ಒಂದೂವರೆ ಟನ್ ಬೇಕು. ಅಂಥವು ಎರಡು ಕೇಳಿದ್ದೇವೆ: ಒಂದು ಓಡುವಾಗ ಇನ್ನೊಂದು ವಿಶ್ರಾಂತಿಯಲ್ಲಿ. ಎಸಿಯನ್ನು ರ್ಯಾಕಿನ ನೆತ್ತಿಗೆ ಸರಿಯಾಗಿ ಕೂರಿಸುವುದು ಎಲ್ಲ ಕಡೆ ಕಾಣುವ ತಪ್ಪು. ಡ್ರೈನ್ ಪೈಪು ಕಟ್ಟಿಕೊಂಡ ದಿನ ನೀರು ತೊಟ್ಟಿಕ್ಕುವುದು ಕ್ಯಾಮೆರಾಗಳ ಚಿತ್ರವನ್ನು ಆರಿಸಿ ಬದಲಿಸುವ ಸ್ವಿಚರಿನ ಮೇಲೆ.

ತಾರಸಿಯ ವಾಟರ್‌ಪ್ರೂಫಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೂನ್ ಎರಡನೇ ವಾರಕ್ಕೆ ಮಳೆ ಹಿಡಿಯುತ್ತದೆ, ಅದಕ್ಕೆ ಮೊದಲು ಮುಗಿಯಬೇಕು.

ಧ್ವನಿ ವಿಭಾಗಕ್ಕೆ 3 ಲಕ್ಷ 20 ಸಾವಿರ. ನಮ್ಮ ಸ್ಟುಡಿಯೋದಲ್ಲಿ ಆಗುವುದು ಬರೀ ಸಂದರ್ಶನವಲ್ಲ, ತಾಳಮದ್ದಳೆಯೂ ಯಕ್ಷಗಾನವೂ ಆಗುತ್ತದೆ. ಅರ್ಥಧಾರಿ ಮೆಲುದನಿಯಲ್ಲಿ ಮಾತಾಡುತ್ತಿರುವಾಗ ಪಕ್ಕದಲ್ಲೇ ಚೆಂಡೆಯ ಮೇಲೆ ಕೋಲು ಬಿದ್ದರೆ, ಆ ಒಂದು ಪೆಟ್ಟಿಗೇ ಮಿಕ್ಸರಿನ ಕೆಂಪು ದೀಪ ಹತ್ತುತ್ತದೆ. ಡಿಜಿಟಲ್ಲಿನಲ್ಲಿ ಮೇಲ್ಮಿತಿ ದಾಟಿದ ಸದ್ದು ಒಡೆದ ಮಡಕೆಯ ಸದ್ದಾಗುತ್ತದೆ, ಮತ್ತೆ ಸರಿಪಡಿಸಲಾಗದು. ಆದ್ದರಿಂದ ಸಾಮಾನ್ಯ ಮಟ್ಟವನ್ನು ಮೇಲ್ಮಿತಿಗಿಂತ 18 ಡೆಸಿಬೆಲ್ ಕೆಳಗಿಟ್ಟು, ಚೆಂಡೆಯ ಮೈಕಿಗೆ ಸದ್ದಿನ ಮಟ್ಟ ಇಳಿಸುವ 20 ಡೆಸಿಬೆಲ್ ಪ್ಯಾಡ್ ಹಾಕಬಲ್ಲ ಮಿಕ್ಸರ್ ಬೇಕು. ಇನ್ನೊಂದು ತೊಡಕು ಕಾಲದ್ದು. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಮೂರು ಕ್ಯಾಮೆರಾಗಳಿಗೂ ಒಂದೇ ಸಿಂಕ್, ಅಂದರೆ ಫ್ರೇಮುಗಳನ್ನು ಒಂದೇ ಕ್ಷಣಕ್ಕೆ ಹೊಂದಿಸುವ ಸಂಕೇತ, ಕೊಡದಿದ್ದರೆ ಸ್ವಿಚರ್ ಪ್ರತಿ ಚಿತ್ರವನ್ನೂ ತಡೆದು ಸಾಲಿಗೆ ನಿಲ್ಲಿಸುತ್ತದೆ, ಒಂದೆರಡು ಫ್ರೇಮ್ ತಡವಾಗುತ್ತದೆ. ಭಾಗವತರ ಜಾಗಟೆಯ ಸದ್ದು ಮೊದಲು, ಕೈ ಆಮೇಲೆ. ಸದ್ದು ತಡವಾದರೆ ಕಣ್ಣು ಸಹಿಸುತ್ತದೆ, ದೂರದ ಸದ್ದು ತಡವಾಗಿಯೇ ಬರುವುದು ಎಲ್ಲರಿಗೂ ರೂಢಿ. ಮೊದಲೇ ಬಂದರೆ ಕೂಡಲೇ ಗೊತ್ತಾಗುತ್ತದೆ. ಅದಕ್ಕೇ ಸಿಂಕ್ ಜನರೇಟರಿನಿಂದ ಪ್ರತಿ ಕ್ಯಾಮೆರಾಕ್ಕೂ ಪ್ರತ್ಯೇಕ ಲೈನ್ ಎಳೆಯುತ್ತಿದ್ದೇವೆ.

ಇದೇ ಸ್ಟುಡಿಯೋದಲ್ಲಿ ಮಕ್ಕಳಿಗೆ ಕನ್ನಡ ಪಾಠಗಳ ಚಿತ್ರೀಕರಣವೂ ನಡೆಯಬೇಕಾಗಿದೆ. ಮುಂಬಯಿ ಮಹಾನಗರಪಾಲಿಕೆ ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ. ಅಲ್ಲಿನ ಮೇಷ್ಟ್ರುಗಳಿಗೆ ತರಗತಿಯಲ್ಲಿ ತೋರಿಸಲು ಹದಿನೈದು ನಿಮಿಷದ ಪಾಠಗಳು ಬೇಕು.

ಸ್ವಿಚರ್, ಎಲ್ಲ ಚಿತ್ರಗಳನ್ನೂ ಒಂದೇ ಪರದೆಯಲ್ಲಿ ತೋರಿಸುವ ಮಲ್ಟಿವ್ಯೂವರ್, ಸಿಂಕ್ ಜನರೇಟರ್ ಸೇರಿ 7 ಲಕ್ಷ 80 ಸಾವಿರ. ಕೇಬಲ್, ಕನೆಕ್ಟರ್, ಲೈನುಗಳನ್ನು ಬೇಕಾದಂತೆ ಜೋಡಿಸುವ ಪ್ಯಾಚ್ ಪ್ಯಾನೆಲ್, ಹತ್ಯಾರಗಳಿಗೆ 4 ಲಕ್ಷ 10 ಸಾವಿರ. ಎಸಿ, ತಾರಸಿಗೆ 2 ಲಕ್ಷ 90 ಸಾವಿರ. 42 ಯೂನಿಟ್‌ನ ಎರಡು ರ್ಯಾಕ್, ಇಲಿ ಹೋಗದಂತೆ ಬಾಯಿ ಮುಚ್ಚಿದ ಕೇಬಲ್ ಟ್ರೇಗೆ 2 ಲಕ್ಷ 60 ಸಾವಿರ. ಕಂಟ್ರೋಲ್ ರೂಮಿನಿಂದ ಸ್ಟುಡಿಯೋದವರ ಜೊತೆ ಮಾತಾಡುವ ಟಾಕ್‌ಬ್ಯಾಕ್ ಮತ್ತು ಕ್ಯಾಮೆರಾದ ಕೆಂಪು ದೀಪಕ್ಕೆ 2 ಲಕ್ಷ 40 ಸಾವಿರ. ಯುಪಿಎಸ್‌ಗೆ 2 ಲಕ್ಷ 30 ಸಾವಿರ. ಮೇಜು, ಗೋಡೆಯ ಸದ್ದುತಡೆಗೆ 1 ಲಕ್ಷ 90 ಸಾವಿರ. ಮಜೂರಿ ಮತ್ತು ಪರೀಕ್ಷೆಗೆ 3 ಲಕ್ಷ 40 ಸಾವಿರ, ಅನಿರೀಕ್ಷಿತಕ್ಕೆ ಇನ್ನೊಂದು ಅಷ್ಟೇ. ಹಳೆಯ ನೆಲ ಅಗೆಯುವ ಕೆಲಸದಲ್ಲಿ ಅನಿರೀಕ್ಷಿತ ಇಲ್ಲ ಎನ್ನುವವರನ್ನು ನಂಬಬೇಡಿ. ಕರೆಂಟಿನ ಸಾಮಾನು ಲೋಹಾರ್ ಚಾಲ್‌ನಿಂದ, ಹತ್ಯಾರ ಮತ್ತು ಚಿಲ್ಲರೆ ಸಾಮಾನು ಲ್ಯಾಮಿಂಗ್ಟನ್ ರೋಡಿನಿಂದ. ಕೇಬಲ್ ಮಾತ್ರ ಟೆಸ್ಟ್ ರಿಪೋರ್ಟ್ ಕೊಡುವವರಿಂದಲೇ.

ಕೆಲಸ ಮುಗಿಯಿತೆನ್ನಲು ಬಣ್ಣದ ಪಟ್ಟಿ ಕಂಡರೆ ಸಾಲದು. ಪ್ರತಿ ಲೈನಿನಲ್ಲೂ ಮೇಲರ್ಧ ನೇರಳೆ, ಕೆಳಗರ್ಧ ಬೂದು ಬಣ್ಣದ ಒಂದು ಪರೀಕ್ಷಾ ಚಿತ್ರ ಕಳುಹಿಸುತ್ತೇವೆ. ನೋಡಲು ಸಪ್ಪೆ, ಆದರೆ ಎಸ್‌ಡಿಐಗೆ ಅದಕ್ಕಿಂತ ಕಠಿಣವಾದದ್ದಿಲ್ಲ. ಬಣ್ಣದ ಪಟ್ಟಿಯಲ್ಲಿ ಪಾಸಾದ ಎಷ್ಟೋ ಕೇಬಲ್ ಇಲ್ಲಿ ನಪಾಸಾಗುತ್ತವೆ.

ಒಂದು ವಿನಂತಿ: ಹಳೆಯ ಸಾಮಾನು ಕಳುಹಿಸಬೇಡಿ. ಹ್ಯಾಲೊಜನ್ ದೀಪ, ಪಿಕ್ಚರ್ ಟ್ಯೂಬಿನ ಡಬ್ಬಾ ಮಾನಿಟರ್, ಎಚ್‌ಡಿಎಂಐ ಮಾತ್ರ ಇರುವ ಹಳೆಯ ಕ್ಯಾಮೆರಾ ಯಾವುದೂ ಬೇಡ. ನಮ್ಮಲ್ಲಿರುವ ಡಬ್ಬಾ ಮಾನಿಟರ್‌ಗಳನ್ನೇ ಭಂಗಾರ್‌ವಾಲಾಗೆ ಕೊಡದೆ, ಸೀಸದ ಗಾಜಿರುವುದರಿಂದ ಅಧಿಕೃತ ಇ-ತ್ಯಾಜ್ಯದವರಿಗೆ ಸಾಗಿಸಬೇಕಾಗಿದೆ.

ಕೊಡುವ ಕ್ರಮ. ಒಂದು ಕೇಬಲ್ ಲೈನಿಗೆ, ಎರಡು ಕನೆಕ್ಟರ್ ಮತ್ತು ಲೇಬಲ್ ಸೇರಿ 2,000 ರೂಪಾಯಿ. ಇಚ್ಛೆಯಿದ್ದವರು ಒಂದು ಲೈನ್, ಹತ್ತು ಲೈನ್, ಒಂದು ರ್ಯಾಕ್ ಹೀಗೆ ವಹಿಸಿಕೊಳ್ಳಬಹುದು. ತೆರಿಗೆ ರಿಯಾಯಿತಿಯ (80ಜಿ) ರಸೀದಿಗೆ ಪ್ಯಾನ್ ನಂಬರ್ ಬೇಕು. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ತೆರಿಗೆ ರಿಯಾಯಿತಿ ಸಿಗದು, ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಡಿ. ವಸ್ತುರೂಪದ ದಾನಕ್ಕೂ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಆ ರಿಯಾಯಿತಿ ಅನ್ವಯಿಸುವುದಿಲ್ಲ. ಟ್ರಸ್ಟಿಗೆ ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇಲ್ಲ. ಗಲ್ಫಿನಲ್ಲಿರುವ ಭಾರತೀಯ ಪಾಸ್‌ಪೋರ್ಟಿನವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡಬಹುದು, ಪಾಸ್‌ಪೋರ್ಟ್ ಪ್ರತಿ ಲಗತ್ತಿಸಿ. ವಿದೇಶಿ ಪೌರತ್ವ ಪಡೆದವರಿಂದ, ಒಸಿಐ ಕಾರ್ಡ್ ಇದ್ದರೂ, ನಾವು ಪಡೆಯುವಂತಿಲ್ಲ. ಖಾತೆಯ ವಿವರ ಕಾಲೇಜು ಕಚೇರಿಯ ಕೌಂಟರಿನಲ್ಲಿ ಮಾತ್ರ ಸಿಗುತ್ತದೆ. ವಾಟ್ಸಾಪಿನಲ್ಲಿ ನಮ್ಮ ಹೆಸರಿನಲ್ಲಿ ಬರುವ ಕ್ಯೂಆರ್ ಕೋಡಿಗೆ ಹಣ ಹಾಕಬೇಡಿ.

ಕೇಬಲ್ಲಿನ ಮೇಲೆ ದಾನಿಗಳ ಹೆಸರು ಬರೆಯಲಾಗದು. ಎರಡೂ ತುದಿಯಲ್ಲಿ, ಕನೆಕ್ಟರಿನಿಂದ 10 ಸೆಂಟಿಮೀಟರ್ ಹಿಂದೆ, ಎಲ್ಲಿಂದ ಎಲ್ಲಿಗೆ ಎಂಬುದಷ್ಟೇ ಇರಬೇಕು. ನಡುರಾತ್ರಿ ಟಾರ್ಚ್ ಹಿಡಿದು ಹುಡುಕುವವರಿಗೆ ಬೇಕಾದದ್ದು ಅದು. ಆದರೆ ನಿಮ್ಮ ರಸೀದಿಯ ಮೇಲೆ ನಿಮ್ಮ ಲೈನಿನ ನಂಬರ್ ಇರುತ್ತದೆ: ‘ವಿ-037, ಕ್ಯಾಮೆರಾ 2ರಿಂದ ಪ್ಯಾಚ್ ಪ್ಯಾನೆಲ್ 14ಕ್ಕೆ’ ಎಂಬಂತೆ. ಜುಲೈ ನಂತರ ಯಾವ ಶನಿವಾರ ಬಂದರೂ ಆ ರಸೀದಿ ತೋರಿಸಿ, ರ್ಯಾಕಿನ ಹಿಂಬಾಗಿಲು ತೆರೆದು ಅದನ್ನು ತೋರಿಸುತ್ತೇವೆ.

ಟ್ರಸ್ಟ್ ಮಂಡಳಿ ಮತ್ತು ಸ್ಟುಡಿಯೋ ಸಮಿತಿಯ ಪರವಾಗಿ